ಚಿತ್ರಕ್ಕೆ ಸಿಗದ ಬಿರುಕು

ಮಳೆಗಾಲದ ಮಲೆನಾಡು. ತಾಲ್ಲೂಕು ಆಸ್ಪತ್ರೆಯ ಎಕ್ಸ್-ರೇ ಕೋಣೆಯ ಮುಂದೆ ಮಣಿಕಟ್ಟು ಹಿಡಿದುಕೊಂಡವರ ಸಾಲು. ಪಾಚಿಗಟ್ಟಿದ ಅಂಗಳದಲ್ಲಿ ಜಾರಿದವರು, ಕೆಸರಲ್ಲಿ ಬೈಕು ಸಮೇತ ಉರುಳಿದವರು. ಬೀಳುವಾಗ ಯಾರಾದರೂ ಅಂಗೈ ಊರುತ್ತಾರೆ. ಮೈಭಾರವೆಲ್ಲ ಮಣಿಕಟ್ಟಿನ ಎಂಟು ಪುಟ್ಟ ಮೂಳೆಗಳ ಮೇಲೆ ಎರಗುತ್ತದೆ.

ಒಳಗೆ ಹರೆಯದ ಹುಡುಗನೊಬ್ಬ ಊದಿದ ಬಲಗೈ ಚಾಚಿ ಕೂತಿದ್ದಾನೆ. ಟೆಕ್ನಿಷಿಯನ್ ಅವನ ಅಂಗೈಯನ್ನು ಕ್ಯಾಸೆಟ್ ಮೇಲೆ ಬೋರಲಿಟ್ಟು, ಬೆಳಕಿನ ಚೌಕವನ್ನು ಮಣಿಕಟ್ಟಿನಷ್ಟಕ್ಕೇ ಕಿರಿದು ಮಾಡುತ್ತಾರೆ. ಕಿರಣ ಬೀಳಬೇಕಾದದ್ದು ಅಷ್ಟೇ ಜಾಗಕ್ಕೆ. ನೇರ, ಪಕ್ಕ, ಓರೆ. ಕೊನೆಗೆ ಕೈಯನ್ನು ಕಿರುಬೆರಳಿನತ್ತ ವಾಲಿಸಿ ಮತ್ತೊಂದು.

"ಇಷ್ಟು ಸಲ ತೆಗೆದ್ರೆ ಏನೂ ಆಗಲ್ವಾ ಸಾರ್?" ತಾಯಿಯ ದನಿಯಲ್ಲಿ ಆತಂಕ.

"ಭಯ ಬೇಡಮ್ಮ, ಇದು ತೀರಾ ಕಮ್ಮಿ."

ಮಾತು ನಿಜ. ಮಣಿಕಟ್ಟಿನ ಎಕ್ಸ್-ರೇಯಿಂದ ದೇಹಕ್ಕೆ ತಗಲುವ ವಿಕಿರಣ ಸುಮಾರು 0.001 ಮಿಲಿಸೀವರ್ಟ್. ನೆಲ, ಗಾಳಿ, ಆಕಾಶ, ಅನ್ನದಿಂದ ನಮಗೆಲ್ಲ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಹೇಗೂ ಬರುತ್ತದೆ. ಅಂದರೆ ಇದು ಮೂರ್ನಾಲ್ಕು ಗಂಟೆ ಸುಮ್ಮನೆ ಬದುಕಿದ್ದಕ್ಕೆ ಸಮ. ಹೊಟ್ಟೆಯ ಸಿ.ಟಿ. ಸ್ಕ್ಯಾನ್ ಇದರ ಸಾವಿರಾರು ಪಟ್ಟು. ಅಗತ್ಯವಿದೆಯೇ ಎಂದು ಕೇಳಬೇಕಾದದ್ದು ಅಲ್ಲಿ.

ಪರದೆಯ ಮೇಲೆ ಮೂಳೆಗಳು ಮೂಡುತ್ತವೆ. ವೈದ್ಯೆ ಮೂಳೆಸಾಲುಗಳ ಕಮಾನುಗಳ ಮೇಲೆ ಕಣ್ಣಾಡಿಸುತ್ತಾರೆ. ಕಮಾನು ಎಲ್ಲೂ ಮುರಿದಿಲ್ಲ, ಮೂಳೆಗಳ ನಡುವಿನ ಸಂದು ಹಿಗ್ಗಿಲ್ಲ. ಹೆಬ್ಬೆರಳಿನ ಬುಡದ ಸ್ಕೇಫಾಯ್ಡ್, ಗೇರುಬೀಜದಂಥ ಮೂಳೆ, ಅದರಲ್ಲೂ ಗೆರೆಯಿಲ್ಲ. ಆದರೂ ಅವರು ಹುಡುಗನತ್ತ ತಿರುಗಿ, ಹೆಬ್ಬೆರಳು ಎತ್ತಿದಾಗ ಬುಡದಲ್ಲಿ ಬೀಳುವ ಗುಳಿಯನ್ನು ಮೆಲ್ಲಗೆ ಒತ್ತುತ್ತಾರೆ. ಹುಡುಗ ಹಲ್ಲು ಕಚ್ಚುತ್ತಾನೆ.

ಅಷ್ಟು ಸಾಕು. "ಪ್ಲಾಸ್ಟರ್ ಹಾಕೋಣ. ಹತ್ತು-ಹದಿನಾಲ್ಕು ದಿನ ಬಿಟ್ಟು ಮತ್ತೊಂದು ಎಕ್ಸ್-ರೇ."

ಸ್ಕೇಫಾಯ್ಡಿನ ಕೂದಲೆಳೆ ಬಿರುಕು ಮೊದಲ ದಿನ ಕಾಣದೇ ಇರಬಹುದು. ಅಂಚಿನ ಮೂಳೆ ಕರಗತೊಡಗಿದ ಮೇಲೆ ಗೆರೆ ಸ್ಪಷ್ಟವಾಗುತ್ತದೆ. ಈ ಮೂಳೆಗೆ ರಕ್ತ ಬಹುಪಾಲು ಬೆರಳಿನ ಕಡೆಯ ತುದಿಯಿಂದ ಹಿಮ್ಮುಖವಾಗಿ ಹರಿಯುತ್ತದೆ. ನಡುವೆ ಮುರಿದರೆ ಮುಂಗೈ ಕಡೆಯ ತುಂಡಿಗೆ ರಕ್ತ ತಪ್ಪಿ, ಅದು ಸಾಯಬಹುದು. ಉಳುಕೆಂದು ಎಣ್ಣೆ ತಿಕ್ಕಿ ಕೆಲಸಕ್ಕಿಳಿದವರಿಗೆ ವರ್ಷಗಳ ನಂತರ ಕೀಲು ಸವೆದು, ಕತ್ತಿ ಹಿಡಿಯುವ ಬಲವೇ ಕುಗ್ಗಬಹುದು.

ಆದ್ದರಿಂದ ವೈದ್ಯರು ಮತ್ತೆ ಬನ್ನಿ ಎಂದರೆ ತಪ್ಪದೆ ಹೋಗಿ. ಎರಡನೇ ಎಕ್ಸ್-ರೇಯ ಕಿರಣ ಲೆಕ್ಕಕ್ಕೇ ಬಾರದಷ್ಟು. ಗೊತ್ತಾಗದೆ ಉಳಿದ ಬಿರುಕಿನ ಬೆಲೆ ಒಂದು ಇಡೀ ಕೈ.