ಅರ್ಧ ಹನಿ, ಕಿಲೋಮೀಟರಿಗೆ ಮೂರು ಸಾವಿರ ಸಲ

ಕೊಚ್ಚಿಯಿಂದ ತಿರುವನಂತಪುರಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 66, ಚೇರ್ತಲ ದಾಟಿದ ಮೇಲೆ ಹೆಚ್ಚುಕಡಿಮೆ ಸಮುದ್ರದ ಮಟ್ಟದಲ್ಲೇ ಸಾಗುತ್ತದೆ. ಆ ಸಪಾಟು ನೆಲದ ಮೇಲೆ ಏಳು ಜನ ತುಂಬಿದ ಡೀಸೆಲ್ ಇನ್ನೋವಾ ಕ್ರಿಸ್ಟಾ ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋಗುತ್ತಿದೆ ಎಂದಿಟ್ಟುಕೊಳ್ಳಿ. ಕಾರು, ಜನ ಎಲ್ಲ ಸೇರಿ ತೂಕ ಸುಮಾರು 2,300 ಕಿಲೋ. ಎಂಜಿನ್ ನಿಮಿಷಕ್ಕೆ 1,500 ಸುತ್ತು ತಿರುಗುತ್ತಿದ್ದರೆ, ನಾಲ್ಕು ಸಿಲಿಂಡರುಗಳಲ್ಲಿ ಒಟ್ಟು 3,000 ಸಲ ಡೀಸೆಲ್ ಹೊತ್ತಿಕೊಳ್ಳುತ್ತದೆ. ಆ ವೇಗದಲ್ಲಿ ಒಂದು ನಿಮಿಷವೆಂದರೆ ಒಂದು ಕಿಲೋಮೀಟರ್. ಲೀಟರಿಗೆ 14 ಕಿ.ಮೀ. ಮೈಲೇಜ್ ಸಿಕ್ಕಿದರೆ ಆ ಕಿಲೋಮೀಟರಿಗೆ ಖರ್ಚಾಗುವುದು 71 ಮಿಲಿಲೀಟರ್. ಅದನ್ನು 3,000 ಪಾಲು ಮಾಡಿದರೆ ಒಂದೊಂದು ಉರಿಗೆ 0.024 ಮಿಲಿಲೀಟರ್. ಕಣ್ಣಿಗೆ ಬಿಡುವ ಔಷಧಿಯ ಒಂದು ಹನಿ ಇದರ ಎರಡರಷ್ಟಿರುತ್ತದೆ. ಎರಡೂಕಾಲು ಟನ್ನಿಗೂ ಮಿಕ್ಕ ಭಾರವನ್ನು ಮುಂದೆ ತಳ್ಳುತ್ತಿರುವುದು ಈ ಅರ್ಧ ಹನಿ.

ಆ ಅರ್ಧ ಹನಿ ಒಳಗೆ ಹೋಗುವ ಬಗೆ ಇನ್ನೂ ಅಚ್ಚರಿಯದು. ಇಂದಿನ ಕಾಮನ್ ರೈಲ್ ಎಂಜಿನ್‌ಗಳಲ್ಲಿ ಡೀಸೆಲ್‌ನ ಒತ್ತಡ 2,000 ಬಾರ್ ಮೀರಬಲ್ಲದು. ಭೂಮಿಯ ಸಮುದ್ರಗಳಲ್ಲೇ ಅತ್ಯಂತ ಆಳವಾದ ಮರಿಯಾನಾ ಕಂದಕದ ತಳದಲ್ಲಿ, ಹತ್ತಿರಹತ್ತಿರ 11 ಕಿ.ಮೀ. ನೀರಿನ ಭಾರದ ಕೆಳಗಿರುವ ಒತ್ತಡ ಸುಮಾರು 1,100 ಬಾರ್. ನಾವು ಎ.ಸಿ. ಹಾಕಿಕೊಂಡು ಮಾತಾಡುತ್ತ ಕೂತಿರುವಾಗ ಬಾನೆಟ್ಟಿನ ಕೆಳಗೆ ಅದರ ಎರಡರಷ್ಟು ಒತ್ತಡ ಕೆಲಸ ಮಾಡುತ್ತಿರಬಹುದು. ಪೆಟ್ರೋಲ್ ಕಾರಿನಂತೆ ಇಲ್ಲಿ ಕಿಡಿ ಹೊತ್ತಿಸುವ ಪ್ಲಗ್ ಇಲ್ಲ. ಗಾಳಿಯನ್ನು ಹದಿನೈದನೇ ಒಂದು ಪಾಲಿಗೂ ಚಿಕ್ಕದಾಗುವಂತೆ ಹಿಂಡಿದಾಗ ಅದು 500 ಡಿಗ್ರಿ ಸೆಲ್ಸಿಯಸ್ ದಾಟಿ ಕಾಯುತ್ತದೆ. ಅತಿ ಸಣ್ಣ ತೂತುಗಳಿಂದ ಚಿಮ್ಮುವ ಡೀಸೆಲ್ ಆ ಬಿಸಿಗೇ ಉರಿಯುತ್ತದೆ. ಚಿಮ್ಮಿ ಮುಗಿಯಲು ಸೆಕೆಂಡಿನ ಸಾವಿರದ ಒಂದೆರಡು ಪಾಲು ಸಾಕು. ಕೇರಳದ ರಸ್ತೆಗಳಲ್ಲಿ ಎಲ್ಲಿ ನೋಡಿದರಲ್ಲಿ ಕಾಣುವ ಈ ಕಾರು ಜೋಡಣೆಯಾಗುವುದು ನಮ್ಮ ಬಿಡದಿಯಲ್ಲಿ. ಇದರ ಡೀಸೆಲ್ ಎಂಜಿನ್ ತಯಾರಿಸುವ ಕಾರ್ಖಾನೆ ಜಿಗಣಿಯಲ್ಲಿದೆ. ಈ ಮಟ್ಟದ ನಯಗಾರಿಕೆ ಬೆಂಗಳೂರಿನ ಆಸುಪಾಸಿನಲ್ಲಿ ದಿನನಿತ್ಯ ನಡೆಯುತ್ತಿದೆ ಎಂಬುದು ನನಗೆ ಹೆಮ್ಮೆಯ ವಿಷಯವೇ.

ಒಂದು ಲೀಟರ್ ಡೀಸೆಲ್‌ನಲ್ಲಿ ಸುಮಾರು 10 ಯೂನಿಟ್ ಶಕ್ತಿ ಅಡಗಿದೆ. ತಿಂಗಳಿಗೆ 150 ಯೂನಿಟ್ ಕರೆಂಟ್ ಬಿಲ್ ಬರುವ ಮನೆಯನ್ನು ಎರಡು ದಿನ ನಡೆಸುವಷ್ಟು. ಕ್ರಿಸ್ಟಾದ ಟ್ಯಾಂಕ್ 55 ಲೀಟರಿನದು. ಭರ್ತಿ ಮಾಡಿದರೆ ತೂಕದಲ್ಲಿ 46 ಕಿಲೋ, ಶಕ್ತಿಯಲ್ಲಿ 550 ಯೂನಿಟ್. ಬಂಕಿನ ಪಂಪ್ ನಿಮಿಷಕ್ಕೆ 35 ಲೀಟರ್ ಹರಿಸುತ್ತಿದ್ದರೆ, ಆ ರಬ್ಬರ್ ಪೈಪಿನಲ್ಲಿ ಶಕ್ತಿ ಸಾಗುವ ದರ 21 ಮೆಗಾವ್ಯಾಟ್. ಇಡುಕ್ಕಿಯ ಜಲವಿದ್ಯುತ್ ಕೇಂದ್ರದ ಸಾಮರ್ಥ್ಯ 780 ಮೆಗಾವ್ಯಾಟ್, ಶರಾವತಿಯದು 1,035. ಕೊಚ್ಚಿಯ ಬಂಕುಗಳಲ್ಲಿ 37 ಪೈಪುಗಳು ಒಂದೇ ಹೊತ್ತಿಗೆ ಡೀಸೆಲ್ ತುಂಬಿಸಿದರೆ ಇಡುಕ್ಕಿಯಷ್ಟು, 50 ಪೈಪುಗಳು ತುಂಬಿಸಿದರೆ ಶರಾವತಿಯಷ್ಟು ಶಕ್ತಿ ಹರಿಯುತ್ತಿರುತ್ತದೆ. ಒಂದು ಶಾಖದ ಲೆಕ್ಕ, ಇನ್ನೊಂದು ವಿದ್ಯುತ್ತಿನ ಲೆಕ್ಕ, ಎರಡೂ ಒಂದೇ ಅಲ್ಲ ಎಂಬುದು ನಿಜ. ಆದರೂ ನಾವು ಮೊಬೈಲ್ ನೋಡುತ್ತ ಕಾಯುವ ಆ ಒಂದೂವರೆ ನಿಮಿಷದಲ್ಲಿ ಎಷ್ಟು ದೊಡ್ಡ ಸಂಗತಿ ನಡೆದುಹೋಗುತ್ತದೆ!

ಡೀಸೆಲ್‌ಗೆ ಮಾತ್ರ ದುಡ್ಡು ಕೊಡುತ್ತೇವೆ, ಗಾಳಿಗಲ್ಲ. ಹಾಗಾಗಿ ಗಾಳಿಯ ಲೆಕ್ಕ ಯಾರೂ ಇಡುವುದಿಲ್ಲ. ಒಂದು ಲೀಟರ್ ಡೀಸೆಲ್ ಪೂರ್ತಿ ಉರಿಯಲು ಕನಿಷ್ಠ 12 ಕಿಲೋ ಗಾಳಿ ಬೇಕು. ಅದು 10,000 ಲೀಟರ್ ಗಾಳಿ. ದೊಡ್ಡವರೊಬ್ಬರು ಒಂದು ಹಗಲು ಒಂದು ರಾತ್ರಿ ಉಸಿರಾಡುವಷ್ಟು. ಡೀಸೆಲ್ ಎಂಜಿನ್ ಯಾವಾಗಲೂ ಬೇಕಾದದ್ದಕ್ಕಿಂತ ಹೆಚ್ಚು ಗಾಳಿ ಎಳೆದುಕೊಳ್ಳುವುದರಿಂದ ನಿಜವಾದ ಲೆಕ್ಕ ಇದನ್ನೂ ಮೀರುತ್ತದೆ. ಉರಿದ ಮೇಲೆ ಸೈಲೆನ್ಸರಿನಿಂದ ಸುಮಾರು 2.6 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ, ಜೊತೆಗೆ ಸುಮಾರು ಒಂದು ಲೀಟರ್ ನೀರು ಆವಿಯಾಗಿ. ಮುಕ್ಕಾಲು ಕಿಲೋಗಿಂತ ತುಸು ಹೆಚ್ಚು ತೂಗುವ ದ್ರವದಿಂದ ಎರಡೂವರೆ ಕಿಲೋ ದಾಟುವ ಅನಿಲ ಹೇಗೆ ಬಂತು ಎಂದು ಅನುಮಾನ ಬರುವುದು ಸಹಜ. ಮಿಕ್ಕ ತೂಕವೆಲ್ಲ ಆ ಬಿಟ್ಟಿ ಗಾಳಿಯ ಆಮ್ಲಜನಕದ್ದು.

ಇಷ್ಟೆಲ್ಲ ಉರಿದು ನಮಗೆ ದಕ್ಕುವುದೆಷ್ಟು? ದಿನನಿತ್ಯದ ಓಡಾಟದಲ್ಲಿ ಚಕ್ರ ತಲುಪುವುದು ಸುಮಾರು ಕಾಲು ಭಾಗ. ಉಳಿದದ್ದು ರೇಡಿಯೇಟರಿನಲ್ಲಿ, ಹೊಗೆಯಲ್ಲಿ, ತಿರುಗುವ ಭಾಗಗಳ ಉಜ್ಜಾಟದಲ್ಲಿ ಬಿಸಿಯಾಗಿ ಹೋಗುತ್ತದೆ. ಚಕ್ರ ತಲುಪಿದ ಕಾಲು ಭಾಗ ಸಾಗಿಸುವುದು ಮುಖ್ಯವಾಗಿ ಕಾರನ್ನೇ. 1,850 ಕಿಲೋ ಕಾರಿನಲ್ಲಿ 65 ಕಿಲೋ ತೂಗುವ ಒಬ್ಬರೇ ಕೂತಿದ್ದರೆ, ಒಟ್ಟು ಭಾರದಲ್ಲಿ ಅವರ ಪಾಲು ನೂರಕ್ಕೆ ಮೂರೂವರೆಯೂ ಇಲ್ಲ. ಎರಡನ್ನೂ ಗುಣಿಸಿ ನೋಡಿ: ಒಂದು ಲೀಟರಿನಲ್ಲಿ ಆ ಮನುಷ್ಯನನ್ನು ಸಾಗಿಸಲು ಬಳಕೆಯಾದದ್ದು ಎಂಟೊಂಬತ್ತು ಮಿಲಿಲೀಟರ್. ಎರಡು ಟೀ ಚಮಚಕ್ಕೂ ಕಡಿಮೆ. ಈ ವಿಷಯದಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ತಟ್ಟಿದ ಸಂಖ್ಯೆ ಇದು.

ಇನ್ನು ಮೈಲೇಜಿನ ಮಾತು. 2016ರಲ್ಲಿ ಕ್ರಿಸ್ಟಾ ಬಂದಾಗ 2.4 ಲೀಟರ್ ಎಂಜಿನ್ನಿನ ಮ್ಯಾನ್ಯುಯಲ್ ಗೇರ್ ಗಾಡಿಗೆ ವಾಹನ ಸಂಶೋಧನಾ ಸಂಸ್ಥೆ ಎಆರ್‌ಎಐನ ಪರೀಕ್ಷೆಯ ಅಂಕಿ ಲೀಟರಿಗೆ 15.1 ಕಿ.ಮೀ. ಓಡಿಸುವವರು ಹೇಳುವುದು ಊರೊಳಗೆ ಹತ್ತು ಹನ್ನೊಂದು, ಹೆದ್ದಾರಿಯಲ್ಲಿ ಹದಿಮೂರು ಹದಿನಾಲ್ಕು. ಇದರಲ್ಲಿ ಮೋಸವೇನೂ ಇಲ್ಲ. ಪರೀಕ್ಷೆ ನಡೆಯುವುದು ರೋಲರುಗಳ ಮೇಲೆ, 1,180 ಸೆಕೆಂಡು, ಗರಿಷ್ಠ ವೇಗ 90 ಕಿ.ಮೀ., ಎ.ಸಿ. ಇಲ್ಲದೆ. ಅಲ್ಲಿ ಕೊಚ್ಚಿಯ ವೈಟ್ಟಿಲ ಜಂಕ್ಷನ್‌ನಂಥ ವಾಹನದಟ್ಟಣೆ ಇಲ್ಲ. ಗಂಟೆಗೆ 40 ಕಿ.ಮೀ. ವೇಗದಲ್ಲಿರುವ ತುಂಬಿದ ಇನ್ನೋವಾ ಒಮ್ಮೆ ಬ್ರೇಕ್ ಹಾಕಿ ನಿಂತರೆ, ಮತ್ತೆ ಅದೇ ವೇಗಕ್ಕೆ ಬರಲು 15 ಮಿಲಿಲೀಟರ್ ಆಸುಪಾಸು ಡೀಸೆಲ್ ಬೇಕು. ಕೊಚ್ಚಿಯ ಇಡಪ್ಪಳ್ಳಿಯಿಂದ ಅರೂರಿನ ತನಕ ನಲವತ್ತು ಸಲ ಹಾಗೆ ನಿಂತು ಹೊರಟರೆ 600 ಮಿಲಿಲೀಟರ್ ಬರೀ ಬ್ರೇಕ್ ಬಿಸಿ ಮಾಡಿ ಮುಗಿಯಿತು. ಎಲ್ಲೂ ನಿಲ್ಲದೆ ಹೋಗಿದ್ದರೆ ಅಷ್ಟರಲ್ಲಿ ಎಂಟು ಕಿಲೋಮೀಟರ್ ಓಡಬಹುದಿತ್ತು. ಅರೂರು–ತುರವೂರು ನಡುವಿನ 12.75 ಕಿ.ಮೀ. ಮೇಲ್ಸೇತುವೆಯ ಕೆಲಸ ನಡೆಯುವಾಗ ಅಲ್ಲಿ ಆಮೆನಡಿಗೆಯಲ್ಲಿ ಸಾಗಿದವರಿಗೆ ಈ ಲೆಕ್ಕ ವಿವರಿಸಬೇಕಿಲ್ಲ. ನಿಂತಲ್ಲೇ ಎ.ಸಿ. ಹಾಕಿಕೊಂಡು ಗುರುಗುಟ್ಟುವ ದೊಡ್ಡ ಡೀಸೆಲ್ ಎಂಜಿನ್ ಗಂಟೆಗೆ ಮುಕ್ಕಾಲರಿಂದ ಒಂದು ಲೀಟರ್ ತನಕ ಕುಡಿಯುತ್ತದೆ. ಆ ಹೊತ್ತಿನ ಮೈಲೇಜ್ ಸೊನ್ನೆ.

ಕೋಟ್ಟಯಂ, ಚೆಂಗನ್ನೂರು, ಅಡೂರು, ಕೊಟ್ಟಾರಕ್ಕರ ಮೇಲೆ ತಿರುವನಂತಪುರಕ್ಕೆ ಹೋಗುವ ಎಂ.ಸಿ. ರೋಡಿನ ಸ್ವಭಾವ ಬೇರೆ. ಅದು ಏರುತ್ತ ಇಳಿಯುತ್ತ ಸಾಗುವ ದಾರಿ. ತುಂಬಿದ ಕಾರು 100 ಮೀಟರ್ ಎತ್ತರ ಹತ್ತಲು ಸುಮಾರು 200 ಮಿಲಿಲೀಟರ್ ಹೆಚ್ಚು ಕೇಳುತ್ತದೆ. ಇಳಿಜಾರಿನಲ್ಲಿ ಅದು ಮರಳಿ ಬರಬೇಕು, ಆದರೆ ಇಳಿಜಾರಿನ ಬುಡದಲ್ಲಿ ಪೇಟೆಯೋ ತಿರುವೋ ಇದ್ದರೆ ಬ್ರೇಕ್ ತುಳಿಯಲೇಬೇಕು. ಹಾಗೆಂದು ಖಾಲಿ ರಸ್ತೆಯಲ್ಲಿ 60ರಿಂದ 100ಕ್ಕೆ ಏರಿಸಿದರೂ ಲಾಭವಿಲ್ಲ: ಗಾಳಿಯ ತಡೆ 2.8 ಪಟ್ಟಾಗುತ್ತದೆ.

ಲೀಟರಿಗೆ ಇಷ್ಟು ಕಿಲೋಮೀಟರ್ ಎನ್ನುವ ನಮ್ಮ ಲೆಕ್ಕದಲ್ಲೇ ಒಂದು ಕಣ್ಕಟ್ಟಿದೆ. ಮೈಲೇಜ್ 15ರಿಂದ 16ಕ್ಕೆ ಏರಿದರೆ ಸಾವಿರ ಕಿಲೋಮೀಟರಿಗೆ ಉಳಿಯುವುದು 4.2 ಲೀಟರ್, 10ರಿಂದ 11ಕ್ಕೆ ಏರಿದರೆ 9.1 ಲೀಟರ್. ಎರಡೂ ಕಡೆ ಹೆಚ್ಚಿದ್ದು ಒಂದೇ ಕಿಲೋಮೀಟರ್, ಉಳಿತಾಯ ಮಾತ್ರ ದುಪ್ಪಟ್ಟಿಗೂ ಮಿಗಿಲು. ಮೈಲೇಜ್ ಕಡಿಮೆಯಿರುವ ದೊಡ್ಡ ಕಾರಿನವರೇ ಚಕ್ರದ ಹವಾ, ನಯವಾದ ಗೇರ್ ಬದಲಾವಣೆ ಇವುಗಳ ಮೇಲೆ ಹೆಚ್ಚು ಕಣ್ಣಿಡಬೇಕು. ಸಣ್ಣ ಕಾರಿನವರೇ ಅದರ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳುವುದು ನಾನು ಕಂಡ ವಾಡಿಕೆ.

ದೊಡ್ಡ ಡೀಸೆಲ್ ಎಂಜಿನ್ನಿಗೆ ಕಾನೂನಿನ ಅಡ್ಡಿಯೂ ಎದುರಾಗಿತ್ತು. 2016ರ ಮೇ ತಿಂಗಳಲ್ಲಿ ಕ್ರಿಸ್ಟಾ ಮಾರುಕಟ್ಟೆಗೆ ಬಂತು. ಅದೇ ತಿಂಗಳ 23ರಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಕೊಚ್ಚಿ ಪೀಠದಿಂದ ಆದೇಶ ಹೊರಬಿತ್ತು: ಕೊಚ್ಚಿ, ತಿರುವನಂತಪುರ ಸೇರಿ ಕೇರಳದ ಆರು ನಗರಗಳಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ವಾಹನ ಓಡಕೂಡದು, ಸಾರ್ವಜನಿಕ ಸಾರಿಗೆ ಬಿಟ್ಟು 2,000 ಸಿಸಿ ಮತ್ತು ಅದಕ್ಕೆ ಮೇಲ್ಪಟ್ಟ ಹೊಸ ಡೀಸೆಲ್ ವಾಹನಗಳ ನೋಂದಣಿ ಆಗಕೂಡದು. ಕ್ರಿಸ್ಟಾದ ಎರಡು ಡೀಸೆಲ್ ಎಂಜಿನ್‌ಗಳು 2,393 ಮತ್ತು 2,755 ಸಿಸಿಯವು. ಕೆಲವೇ ವಾರಗಳಲ್ಲಿ ಕೇರಳ ಹೈಕೋರ್ಟ್ ತಡೆಯಾಜ್ಞೆ ನೀಡಿತು. ದೆಹಲಿಯಲ್ಲಿ ಸುಪ್ರೀಂ ಕೋರ್ಟ್ ಇಂಥದ್ದೇ ಗೆರೆ ಎಳೆದಾಗ ಒಂದು ಕಂಪನಿ 1.99 ಲೀಟರಿನ ಎಂಜಿನ್ ತಂದಿತ್ತು. ಆ ಕೂದಲೆಳೆಯ ಅಂತರದಿಂದ ಯಾರ ಶ್ವಾಸಕೋಶಕ್ಕೂ ಒಳಿತಾಗಲಾರದು. ಸಿಸಿ ಹೇಳುವುದು ಸಿಲಿಂಡರಿನ ಗಾತ್ರವನ್ನು. ಎಷ್ಟು ಡೀಸೆಲ್ ಉರಿಯಿತು, ಎಂಥ ಹೊಗೆ ಬಂತು ಎಂಬುದನ್ನಲ್ಲ. ಹಳೆಯ ಗಾಡಿಗಳ ಮಾತು ಬೇರೆ, ಅವುಗಳ ಹೊಗೆಯ ಭಯ ನಿಜವಾದದ್ದು. ಡೀಸೆಲ್ ಹೊಗೆ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂಗಸಂಸ್ಥೆ 2012ರಲ್ಲೇ ಖಚಿತಪಡಿಸಿತ್ತು. 2020ರ ಏಪ್ರಿಲ್‌ನಿಂದ ಹೊಗೆಯ ಮಿತಿ ಬಿಗಿಗೊಳಿಸುವ ಬಿಎಸ್-6 ಮಾನದಂಡ ಜಾರಿಗೆ ಬಂದಾಗ ಡೀಸೆಲ್‌ನ ಗಂಧಕ ಹತ್ತು ಲಕ್ಷಕ್ಕೆ 50 ಪಾಲಿನಿಂದ 10ಕ್ಕೆ ಇಳಿಯಿತು. ಹೊಗೆಗೆ ಮೂಗುದಾರ ಹಾಕಿದ್ದು ಇಂಥ ಕ್ರಮ.

ಈ ಡೀಸೆಲ್ ಬರುವ ದಾರಿಯೂ ಕೊಚ್ಚಿಯಲ್ಲೇ ಇದೆ. ಪುದುವೈಪ್ಪು ತೀರದಿಂದ ಸುಮಾರು 20 ಕಿ.ಮೀ. ದೂರದ ಕಡಲಲ್ಲಿ, 2007ರಿಂದ, ಮೂರು ಲಕ್ಷ ಟನ್ ಗಾತ್ರದ ಹಡಗುಗಳು ಬಂದು ಕಚ್ಚಾತೈಲ ಇಳಿಸಬಲ್ಲವು. ಅದನ್ನು ಶುದ್ಧೀಕರಿಸುವ ಅಂಬಲಮುಗಳ್‌ನ ರಿಫೈನರಿ 1966ರಲ್ಲಿ ಶುರುವಾದಾಗ ಅದರ ಸಾಮರ್ಥ್ಯ ವರ್ಷಕ್ಕೆ 25 ಲಕ್ಷ ಟನ್. ಈಗ 155 ಲಕ್ಷ ಟನ್. ಆ ವೇಗದಲ್ಲಿ ಒಂದು ದೊಡ್ಡ ಹಡಗಿನ ಸರಕು ಒಂದೇ ವಾರಕ್ಕೆ ಖಾಲಿ. ಭಾರತದ ರಿಫೈನರಿಗಳಲ್ಲಿ ಸಾಮಾನ್ಯವಾಗಿ ಐದರಲ್ಲಿ ಎರಡು ಪಾಲಿನಷ್ಟು ಡೀಸೆಲ್ ಬರುತ್ತದೆ. ಆ ಲೆಕ್ಕ ಹಿಡಿದರೆ ದಿನಕ್ಕೆ ಎರಡು ಕೋಟಿ ಲೀಟರ್. ಲೀಟರಿಗೆ 12 ಕಿ.ಮೀ. ಓಡುವ ಒಂದೇ ಇನ್ನೋವಾಕ್ಕೆ ಅಷ್ಟನ್ನೂ ಹಾಕಿದರೆ 24 ಕೋಟಿ ಕಿ.ಮೀ. ಹೋದೀತು. ಸೂರ್ಯ ಇಲ್ಲಿಂದ 15 ಕೋಟಿ ಕಿ.ಮೀ. ದೂರದಲ್ಲಿದ್ದಾನೆ. ಇದು ಒಂದು ರಿಫೈನರಿಯ ಒಂದು ದಿನ. ದೇಶ ಈಗ ವರ್ಷಕ್ಕೆ ಸುಮಾರು ಒಂಬತ್ತು ಕೋಟಿ ಟನ್ ಡೀಸೆಲ್ ಸುಡುತ್ತಿದೆ, ಅಂದರೆ ಸೆಕೆಂಡಿಗೆ 3,400 ಲೀಟರ್.

ಒಂದೇ ಕಾರಿನ ಆಯುಷ್ಯ ನೋಡೋಣ. ಎರಡು ಲಕ್ಷ ಕಿ.ಮೀ. ಓಡಿದರೆ, ಪರೀಕ್ಷೆಯ 15.1ಕ್ಕೂ ಊರೊಳಗಿನ 11ಕ್ಕೂ ನಡುವಿನ ಅಂತರವೇ 4,900 ಲೀಟರ್ ದಾಟುತ್ತದೆ; ಲೀಟರಿಗೆ 95 ರೂಪಾಯಿಯಂತೆ ಹತ್ತಿರಹತ್ತಿರ ನಾಲ್ಕೂಮುಕ್ಕಾಲು ಲಕ್ಷ. ಬಾಡಿಗೆ ಇನ್ನೋವಾಗಳು ಐದು ಲಕ್ಷ ಕಿ.ಮೀ. ಮುಟ್ಟುವುದುಂಟು. ಲೀಟರಿಗೆ 12 ಹಿಡಿದರೂ ಅವು ಸುಟ್ಟ ಡೀಸೆಲ್ ಸುಮಾರು 35 ಟನ್, ಕಾರಿನ ತೂಕದ ಸುಮಾರು ಹತ್ತೊಂಬತ್ತು ಪಟ್ಟು; ಅದರ ಬೆಲೆ ಹತ್ತಿರಹತ್ತಿರ 40 ಲಕ್ಷ ರೂಪಾಯಿ, ಕಾರಿನ ಬೆಲೆಗಿಂತ ಹೆಚ್ಚು.

ಈ ಕಾರನ್ನು ಬೈಯುವುದು ಸುಲಭ. ನಾನು ಬೈಯಲಾರೆ. ಇದನ್ನು ರೂಪಿಸಿದ್ದು ತುಂಬಿದ ಮನೆಗೆ. ಅಜ್ಜ ಅಜ್ಜಿ ಮಕ್ಕಳೊಂದಿಗೆ ಅನಂತಪದ್ಮನಾಭನ ದರ್ಶನಕ್ಕೆ ಹೊರಟ ಏಳು ಮಂದಿಗೆ ಇದು ತಕ್ಕ ಗಾಡಿ. ಖಾಲಿ ಸೀಟುಗಳ ಜೊತೆ ಒಬ್ಬರೇ ಹೊರಟಾಗ ಲೆಕ್ಕ ತಿರುಗಿಬೀಳುತ್ತದೆ. ಕೊಚ್ಚಿಯಿಂದ ತಿರುವನಂತಪುರಕ್ಕೆ ಸುಮಾರು 200 ಕಿ.ಮೀ. ಇನ್ನೋವಾದಲ್ಲಿ ಒಬ್ಬರೇ ಹೋದರೆ ಅವರ ಪಾಲಿಗೆ 14 ಲೀಟರ್ ಡೀಸೆಲ್, 37 ಕಿಲೋ ಇಂಗಾಲದ ಡೈಆಕ್ಸೈಡ್. ಅದೇ ಕಾರಿನಲ್ಲಿ ಏಳು ಜನ ಹೋದರೆ ತಲೆಗೆ ಎರಡು ಲೀಟರ್. ಲೀಟರಿಗೆ ನಾಲ್ಕು ಕಿಲೋಮೀಟರ್ ಮಾತ್ರ ಓಡುವ ಕೇರಳ ಸಾರಿಗೆ ಬಸ್ಸಿನಲ್ಲಿ, ಐವತ್ತು ಸೀಟೂ ತುಂಬಿದ್ದರೆ, ತಲೆಗೆ ಒಂದೇ ಲೀಟರ್.