ಕಳಿಸಿದ್ದು ರೇಷ್ಮೆ ಸೀರೆ, ವಾಪಸ್ ಬಂದದ್ದು ಹಳೇ ಬಟ್ಟೆ: ಆನ್‌ಲೈನ್ ಮಾರಾಟಗಾರರು ಏನು ಮಾಡಬಹುದು?

ಹೊಸ ಕೆಲಸ ಶುರು ಮಾಡುವ ಮುನ್ನ ಮುಳಬಾಗಿಲು ತಾಲ್ಲೂಕಿನ ಕುರುಡುಮಲೆ ಗಣಪನಿಗೆ ಕೈಮುಗಿದು ಬರುವುದು ಕೋಲಾರ ಸೀಮೆಯ ಎಷ್ಟೋ ಜನರ ವಾಡಿಕೆ. ರಾಜಕೀಯ ಪಕ್ಷಗಳೂ ಇಲ್ಲಿಂದಲೇ ಪ್ರಚಾರ ಆರಂಭಿಸಿದ್ದುಂಟು. ಈಗಿನ ಕಾಲದಲ್ಲಿ ಹೊಸ ಕೆಲಸ ಎಂದರೆ ಹಲವರಿಗೆ ಫೋನಿನಲ್ಲೇ ನಡೆಯುವ ಅಂಗಡಿ. ಸೀರೆ, ಉಪ್ಪಿನಕಾಯಿ, ಆಟಿಕೆ, ಮೊಬೈಲ್ ಕವರ್, ಏನು ಬೇಕಾದರೂ ಹಳ್ಳಿಯಲ್ಲೇ ಕೂತು ದೇಶಕ್ಕೆಲ್ಲ ಮಾರಬಹುದು.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಕುರುಡುಮಲೆಯಿಂದ ಒಬ್ಬರು 2,400 ರೂಪಾಯಿಗೆ ಒಂದು ರೇಷ್ಮೆ ಸೀರೆ ಮಾರಿದರು ಎಂದುಕೊಳ್ಳಿ. ಸೀರೆಯ ಅಸಲು 2,000. ಕಮಿಷನ್, ಪ್ಯಾಕಿಂಗ್ ಎಲ್ಲ ಸೇರಿ 200. ಉಳಿಯುವ ಲಾಭ 200. ವಾರದ ನಂತರ ಪಾರ್ಸೆಲ್ ವಾಪಸ್ ಬರುತ್ತದೆ. ಬಿಚ್ಚಿ ನೋಡಿದರೆ ಒಳಗಿರುವುದು ಯಾವುದೋ ಹಳೇ ನೈಲಾನ್ ಸೀರೆ. ಕೊಂಡವರಿಗೆ ಹಣ ಆಗಲೇ ಮರಳಿಯಾಗಿದೆ. ಇನ್ನೂ 10 ಸೀರೆ ಮಾರಿ ಬರುವ ಲಾಭವೆಲ್ಲ ಈ ಒಂದು ನಷ್ಟಕ್ಕೇ ಹೋಗುತ್ತದೆ.

ಈ ವಿಷಯದಲ್ಲಿ ವಾಟ್ಸಾಪ್‌ನಲ್ಲಿ ಓಡಾಡುವ ಮಾತುಗಳು ಬಹಳ. “ಗ್ರಾಹಕ ಏನು ಹೇಳಿದರೂ ಒಪ್ಪಲೇಬೇಕು” ಎನ್ನುತ್ತದೆ ಒಂದು. “ಬಿಲ್‌ನಲ್ಲಿ ‘ವಾಪಸ್ ಇಲ್ಲ’ ಎಂದು ಹಾಕಿಬಿಡಿ, ಯಾರೂ ಏನೂ ಮಾಡಲಾಗದು” ಎನ್ನುತ್ತದೆ ಇನ್ನೊಂದು. ಇವೆರಡೂ ಸರಿಯಲ್ಲ. ಯಾಕೆ ಎಂದು ನೋಡೋಣ.

ಈ ಮೋಸ ನಿಜಕ್ಕೂ ನಡೆಯುತ್ತದೆಯೇ?

ನಡೆಯುತ್ತದೆ. ದೊಡ್ಡ ಕಂಪನಿಗಳೂ ಇದಕ್ಕೆ ಸಿಕ್ಕಿಬಿದ್ದಿವೆ. 2024ರ ಡಿಸೆಂಬರ್‌ನಲ್ಲಿ ಸುದ್ದಿಯಾದ ಪ್ರಕರಣವೊಂದರಲ್ಲಿ ಬಟ್ಟೆ ಮಾರುವ ಮಿಂತ್ರಾ ಕಂಪನಿ ಬೆಂಗಳೂರು ಪೊಲೀಸರಿಗೆ ದೂರು ಕೊಟ್ಟಿತ್ತು. ಬೆಂಗಳೂರಿನ ಆರ್ಡರ್‌ಗಳಲ್ಲೇ ಸುಮಾರು 1.1 ಕೋಟಿ ರೂಪಾಯಿ ನಷ್ಟವಾಗಿದೆ ಎಂಬುದು ಆ ದೂರು. ಆರೋಪಿಸಲಾದ ಉಪಾಯ ಸರಳ. ದುಬಾರಿ ಬ್ರ್ಯಾಂಡಿನ ಶೂ, ಬಟ್ಟೆ, ಬ್ಯಾಗುಗಳನ್ನು ಒಟ್ಟಿಗೆ ತರಿಸುವುದು, ಆಮೇಲೆ “ಕಡಿಮೆ ಬಂದಿದೆ”, “ಬೇರೆಯದು ಬಂದಿದೆ”, “ಬಂದೇ ಇಲ್ಲ” ಎಂದು ಹೇಳಿ ಹಣ ವಾಪಸ್ ಪಡೆಯುವುದು.

ಅದಕ್ಕೂ ಮುಂಚೆ, 2017ರಲ್ಲಿ, ಬೆಂಗಳೂರಿನ ಗ್ರಾಹಕರೊಬ್ಬರ ಮೇಲೆ ಅಮೆಜಾನ್ ದೂರು ನೀಡಿತ್ತು. ದುಬಾರಿ ವಸ್ತು ತರಿಸಿಕೊಂಡು, ಅದೇ ರೀತಿ ಕಾಣುವ ಅಗ್ಗದ ವಸ್ತುವನ್ನು ವಾಪಸ್ ಕಳಿಸಿ ಸುಮಾರು 70 ಲಕ್ಷ ರೂಪಾಯಿ ವಂಚಿಸಿದ್ದಾರೆ ಎಂಬುದು ಆರೋಪ. ಕುರುಡುಮಲೆಯ ಸೀರೆಗೆ ಆದದ್ದೂ ಇದೇ, ಮೊತ್ತ ಮಾತ್ರ ಬೇರೆ. ಕಂಪನಿಗೆ ಲೆಕ್ಕಪರಿಶೋಧಕರು, ವಕೀಲರು ಇರುತ್ತಾರೆ. ಮನೆಯಿಂದ ಮಾರುವವರಿಗೆ ಇರುವುದು ಕೈಯಲ್ಲಿರುವ ಫೋನ್ ಮಾತ್ರ.

ಹಾಗೆಂದು ವಾಪಸ್ ಬರುವುದೆಲ್ಲ ಮೋಸವಲ್ಲ. ಅಳತೆ ಸರಿಹೋಗದಿರಬಹುದು, ಬಣ್ಣ ಫೋಟೋದಲ್ಲಿ ಕಂಡಂತೆ ಇಲ್ಲದಿರಬಹುದು, ಸೀರೆಯಲ್ಲಿ ನಿಜವಾಗಿಯೂ ಎಳೆ ಹೋಗಿರಬಹುದು.

ಕಾನೂನು ಏನು ಹೇಳುತ್ತದೆ?

ಮಾತು 1: “ಆನ್‌ಲೈನ್‌ನಲ್ಲಿ ಕೊಂಡದ್ದನ್ನು 7 ದಿನದೊಳಗೆ ಕಾರಣವಿಲ್ಲದೆ ವಾಪಸ್ ಮಾಡುವುದು ಗ್ರಾಹಕರ ಹಕ್ಕು.”

ತಪ್ಪು. ಯುರೋಪ್ ಒಕ್ಕೂಟದಲ್ಲಿ ಹೆಚ್ಚಿನ ಆನ್‌ಲೈನ್ ಖರೀದಿಗಳಿಗೆ 14 ದಿನಗಳ ಇಂಥ ಹಕ್ಕು ಇದೆ. ನಮ್ಮಲ್ಲಿ ಇಲ್ಲ. 2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳ ಪ್ರಕಾರ ಮಾರಾಟಗಾರರು ವಾಪಸ್ ಪಡೆಯಲು ನಿರಾಕರಿಸುವಂತಿಲ್ಲದ ಸಂದರ್ಭಗಳು ಇವು: ವಸ್ತು ದೋಷದ್ದಾಗಿದ್ದರೆ, ನಕಲಿಯಾಗಿದ್ದರೆ, ಜಾಹೀರಾತಿನಲ್ಲಿ ಹೇಳಿದಂತೆ ಇಲ್ಲದಿದ್ದರೆ, ಅಥವಾ ಹೇಳಿದ ದಿನಕ್ಕಿಂತ ತಡವಾಗಿ ತಲುಪಿದರೆ. ಪ್ರವಾಹದಂಥ ಕೈಮೀರಿದ ಕಾರಣದಿಂದ ತಡವಾದರೆ ವಿನಾಯಿತಿ ಇದೆ. “ಇಷ್ಟವಾಗಲಿಲ್ಲ” ಎಂದು ವಾಪಸ್ ಪಡೆಯುವುದು ಆಯಾ ಕಂಪನಿ ಅಥವಾ ಮಾರಾಟಗಾರರು ತಾವಾಗಿ ಕೊಟ್ಟಿರುವ ಸೌಲಭ್ಯ. ಆದರೆ ಕಂಪನಿಯ ಆ್ಯಪ್‌ನಲ್ಲಿ ಮಾರಲು ಒಪ್ಪಿಕೊಂಡಿದ್ದರೆ ಅವರ ವಾಪಸಾತಿ ಷರತ್ತಿಗೂ ನೀವು ಒಪ್ಪಿರುತ್ತೀರಿ ಎಂಬುದು ನೆನಪಿರಲಿ.

ಮಾತು 2: “‘ಮಾರಿದ ವಸ್ತು ವಾಪಸ್ ಪಡೆಯುವುದಿಲ್ಲ’ ಎಂದು ಬಿಲ್‌ನಲ್ಲಿ ಬರೆದರೆ ಸಾಕು.”

ಇದೂ ತಪ್ಪು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೋಷವಿರುವ ವಸ್ತುವನ್ನು ವಾಪಸ್ ಪಡೆಯದಿರುವುದು ಅನುಚಿತ ವ್ಯಾಪಾರ ಪದ್ಧತಿ. ಬಿಲ್‌ನಲ್ಲಿ ಅವಧಿ ನಮೂದಿಸದಿದ್ದರೆ 30 ದಿನ ಎಂದು ಲೆಕ್ಕ. ಆದ್ದರಿಂದ “ವಾಪಸ್ ಇಲ್ಲ” ಎಂದು ಬರೆಯುವ ಬದಲು, ಯಾವ ಕಾರಣಕ್ಕೆ, ಎಷ್ಟು ದಿನದೊಳಗೆ, ಯಾರ ಖರ್ಚಿನಲ್ಲಿ ವಾಪಸ್ ಎಂಬುದನ್ನು ಸ್ಪಷ್ಟವಾಗಿ ಬರೆಯಿರಿ.

ಮಾತು 3: “ವಿಡಿಯೋ ಇಲ್ಲದಿದ್ದರೆ ಕೇಸೇ ಇಲ್ಲ.”

ಅರ್ಧ ಸತ್ಯ. ವಿಡಿಯೋ ಇರಲೇಬೇಕು ಎಂದು ಆ ನಿಯಮಗಳಲ್ಲಿ ಎಲ್ಲೂ ಹೇಳಿಲ್ಲ. ಆದರೆ ಜಗಳ ಬಂದಾಗ ಕಂಪನಿಯವರು ಮೊದಲು ಕೇಳುವುದು ಅದನ್ನೇ.

ಗೆಲ್ಲುವುದು ಹೇಗೆ?

ಕೊಂಡವರ ಮನಸ್ಸಿನಲ್ಲಿ ಏನಿತ್ತು ಎಂದು ನೀವು ಸಾಬೀತು ಮಾಡಲಾರಿರಿ. ಮಾಡಬೇಕಾಗಿಯೂ ಇಲ್ಲ. ಕಂಪನಿಯ ಮುಂದೆ ತೋರಿಸಬೇಕಾದದ್ದು ಒಂದೇ: ಇಲ್ಲಿಂದ ಹೋದ ವಸ್ತು ಬೇರೆ, ಇಲ್ಲಿಗೆ ಬಂದ ವಸ್ತು ಬೇರೆ. ಇದಕ್ಕೆ ಸಾಕ್ಷಿ ಪಾರ್ಸೆಲ್ ಹೋಗುವ ಮೊದಲೇ ಸಿದ್ಧವಾಗಿರಬೇಕು. ಮೋಸ ಆದ ಮೇಲೆ ಹುಡುಕಿದರೆ ಸಿಗುವುದಿಲ್ಲ.

ಕಳಿಸುವಾಗ:

• ವಸ್ತುವನ್ನು, ಅದರ ಗುರುತನ್ನು, ಪಾರ್ಸೆಲ್ ಮೇಲಿನ ಲೇಬಲ್ಲನ್ನು ನಿಲ್ಲಿಸದೆ ಒಂದೇ ವಿಡಿಯೋದಲ್ಲಿ ತೆಗೆಯಿರಿ. ಮಧ್ಯೆ ಕತ್ತರಿಸಿದ ವಿಡಿಯೋಗೆ ಬೆಲೆ ಕಡಿಮೆ.
• ಎಲೆಕ್ಟ್ರಾನಿಕ್ ವಸ್ತುವಾದರೆ ಸೀರಿಯಲ್ ನಂಬರ್, ಮೊಬೈಲ್ ಆದರೆ ಐಎಂಇಐ ನಂಬರ್ ಬಿಲ್‌ನಲ್ಲೂ ಇರಲಿ. ಸೀರೆಯಾದರೆ ಸೆರಗು, ಅಂಚು, ಬ್ಲೌಸ್ ತುಂಡು ಹತ್ತಿರದಿಂದ ಕಾಣಲಿ.
• ಸುಲಭವಾಗಿ ಬಿಚ್ಚಲಾಗದ ಟ್ಯಾಗನ್ನು ಎದ್ದು ಕಾಣುವ ಕಡೆ ಹಾಕಿ. “ಟ್ಯಾಗ್ ತೆಗೆದರೆ ಬಳಸಿದಂತೆ” ಎಂಬ ಷರತ್ತನ್ನು ಮಾರುವ ಮುನ್ನವೇ ತಿಳಿಸಿ. ಮದುವೆಗೆ ಒಮ್ಮೆ ಉಟ್ಟು ವಾಪಸ್ ಕಳಿಸುವವರಿಗೆ ಇದು ತಡೆ.
• ತೂಕ ಮಾಡುವಾಗ ತಕ್ಕಡಿಯ ಅಂಕಿ ವಿಡಿಯೋದಲ್ಲಿ ಬರಲಿ.

ವಾಪಸ್ ಬಂದಾಗ:

• ಪಾರ್ಸೆಲ್ ಹರಿದಿದ್ದರೆ, ತೂಕ ತೀರಾ ಬೇರೆ ಎನಿಸಿದರೆ, ಡೆಲಿವರಿಯವರ ಎದುರೇ ಫೋಟೋ ತೆಗೆದು ಅವರ ರಸೀದಿಯಲ್ಲಿ ಅಥವಾ ಆ್ಯಪ್‌ನಲ್ಲಿ ಅದನ್ನು ದಾಖಲಿಸಲು ಕೇಳಿ.
• ಆರೂ ಬದಿ ಮತ್ತು ಲೇಬಲ್ ತೋರಿಸಿ, ನಂತರವೇ ಕತ್ತರಿ ಹಾಕಿ. ಬಿಚ್ಚುವುದೆಲ್ಲ ಒಂದೇ ವಿಡಿಯೋದಲ್ಲಿರಲಿ.
• ಜಗಳ ಮುಗಿಯುವವರೆಗೆ ಬಂದ ವಸ್ತು, ಕವರ್, ಲೇಬಲ್ ಯಾವುದನ್ನೂ ಎಸೆಯಬೇಡಿ.

ವಿಡಿಯೋದ ಮೂಲ ಫೈಲನ್ನು ಹಾಗೇ ಇಟ್ಟುಕೊಳ್ಳಿ. ವಾಟ್ಸಾಪ್‌ನಲ್ಲಿ ಸಾಮಾನ್ಯವಾಗಿ ಕಳಿಸುವ ಫೋಟೋ, ವಿಡಿಯೋಗಳು ಕುಗ್ಗುತ್ತವೆ. ಯಾವಾಗ, ಯಾವ ಫೋನಿನಲ್ಲಿ ತೆಗೆದದ್ದು ಎಂದು ಫೈಲಿನೊಳಗೆ ಅಡಗಿರುವ ಮಾಹಿತಿಯೂ ಕಳೆದುಹೋಗುತ್ತದೆ. ಕೋರ್ಟಿನವರೆಗೂ ಹೋದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಡಿಜಿಟಲ್ ದಾಖಲೆಯ ಜೊತೆ ಪ್ರಮಾಣಪತ್ರ ಬೇಕಾಗುತ್ತದೆ. ಆಗ ಮೂಲ ಫೈಲ್ ನಿಮ್ಮಲ್ಲಿರುವುದು ಉಪಯೋಗಕ್ಕೆ ಬರುತ್ತದೆ.

ತೂಕ ಮತ್ತು ಟೇಪನ್ನು ಎಷ್ಟು ನಂಬಬಹುದು?

ಪಾರ್ಸೆಲ್ ಹೋಗುವಾಗಿನ ತೂಕ, ಬರುವಾಗಿನ ತೂಕ ಎರಡೂ ಕೊರಿಯರ್ ದಾಖಲೆಯಲ್ಲಿದ್ದರೆ ಅದು ಒಳ್ಳೆಯ ಸಾಕ್ಷಿ. 600 ಗ್ರಾಂ ಹೋಗಿ 250 ಗ್ರಾಂ ಬಂದಿದ್ದರೆ ಪ್ರಶ್ನೆ ಏಳಲೇಬೇಕು. ಆದರೆ ಕೊರಿಯರ್ ಬಿಲ್‌ನಲ್ಲಿ ಕೆಲವೊಮ್ಮೆ ಇರುವುದು ಪೆಟ್ಟಿಗೆಯ ಉದ್ದ, ಅಗಲ, ಎತ್ತರದಿಂದ ಲೆಕ್ಕ ಹಾಕಿದ ತೂಕ. ತಕ್ಕಡಿಯಲ್ಲಿ ಇಟ್ಟು ನೋಡಿದ ತೂಕ ಯಾವುದು ಎಂದು ಕೇಳಿ ತಿಳಿದುಕೊಳ್ಳಿ.

ಇನ್ನೊಂದು ಮಾತು. ಹತ್ತಿಪ್ಪತ್ತು ಗ್ರಾಂ ವ್ಯತ್ಯಾಸ ಬಂತೆಂದು ರೇಷ್ಮೆ ಸೀರೆ ಕೊಂಡವರನ್ನು ಕಳ್ಳರೆನ್ನಬೇಡಿ. ರೇಷ್ಮೆ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ರೇಷ್ಮೆ ವ್ಯಾಪಾರದಲ್ಲಿ ಒಣ ತೂಕದ ಮೇಲೆ 11 ಶೇಕಡಾ ತೇವಾಂಶ ಸೇರಿಸಿ ಲೆಕ್ಕ ಹಾಕುವುದು ರೂಢಿಯಲ್ಲಿರುವುದೇ ಇದಕ್ಕಾಗಿ. ಒಣಹವೆಯ ಕೋಲಾರದಲ್ಲಿ ತೂಗಿದ ಸೀರೆ ಮಳೆಗಾಲದ ಮಂಗಳೂರಿನಲ್ಲಿ ತುಸು ಹೆಚ್ಚು ತೂಗುವುದು ಸಹಜ.

ಕಿತ್ತರೆ ಅಕ್ಷರ ಮೂಡುವ ಸೆಕ್ಯುರಿಟಿ ಟೇಪ್ ಬಗ್ಗೆಯೂ ಹಲವರಿಗೆ ತಪ್ಪು ತಿಳುವಳಿಕೆ ಇದೆ. ಅದರೊಳಗೆ ಅಂಟು ಎಲ್ಲ ಕಡೆ ಒಂದೇ ಸಮ ಹಿಡಿದಿರುವುದಿಲ್ಲ. ಕಿತ್ತಾಗ ಕೆಲವು ಭಾಗ ಪೆಟ್ಟಿಗೆಗೇ ಅಂಟಿಕೊಂಡು, ಉಳಿದದ್ದು ಟೇಪಿನ ಜೊತೆ ಬರುತ್ತದೆ. ಹಾಗಾಗಿ ಅಕ್ಷರ ಕಾಣುತ್ತದೆ. ದಾರಿಯಲ್ಲಿ ಯಾರಾದರೂ ಬಿಚ್ಚಿದರೇ ಎಂದು ತಿಳಿಯಲು ಇದು ಸಹಾಯಕ. ಆದರೆ ಕೊಂಡವರು ಹೇಗೂ ಪೆಟ್ಟಿಗೆ ಬಿಚ್ಚಿಯೇ ಬಿಚ್ಚುತ್ತಾರೆ. ಅವರು ಒಳಗಿನದನ್ನು ಬದಲಾಯಿಸಿದರೇ ಎಂಬುದನ್ನು ಹೊರಗಿನ ಟೇಪ್ ಹೇಳಲಾರದು. ಅದಕ್ಕೆ ವಸ್ತುವಿನ ಮೇಲೇ ಗುರುತು ಬೇಕು.

ದೂರು ಎಲ್ಲಿ, ಯಾವಾಗ?

ಮೊದಲು ನೀವು ಮಾರುತ್ತಿರುವ ಕಂಪನಿಗೆ. ಅಮೆಜಾನ್‌ನಲ್ಲಿ ಸೇಫ್-ಟಿ ಕ್ಲೈಮ್, ಫ್ಲಿಪ್‌ಕಾರ್ಟ್‌ನಲ್ಲಿ ಎಸ್‌ಪಿಎಫ್ ಕ್ಲೈಮ್ ಎಂಬ ಹೆಸರಿನಲ್ಲಿ ಮಾರಾಟಗಾರರು ಪರಿಹಾರ ಕೇಳುವ ವ್ಯವಸ್ಥೆ ಇದೆ. ಮೀಶೋದಂಥ ಬೇರೆ ಕಂಪನಿಗಳಲ್ಲೂ ಕ್ಲೈಮ್ ಹಾಕಬಹುದು. ಎಲ್ಲಕ್ಕೂ ಗಡುವು ಇರುತ್ತದೆ, ಅದು ಆಗಾಗ ಬದಲಾಗುತ್ತದೆ ಕೂಡ. ಆದ್ದರಿಂದ ಫಾರ್ವರ್ಡ್‌ನಲ್ಲಿ ಬಂದ ದಿನದ ಲೆಕ್ಕ ನಂಬದೆ ನಿಮ್ಮ ಸೆಲ್ಲರ್ ಖಾತೆಯಲ್ಲೇ ನೋಡಿಕೊಳ್ಳಿ. ವಾಪಸ್ ಬಂದ ಪಾರ್ಸೆಲ್ಲನ್ನು ಅಂದೇ ಬಿಚ್ಚುವುದು ಒಳ್ಳೆಯ ಅಭ್ಯಾಸ. ಮೂಲೆಯಲ್ಲಿ ಪೇರಿಸಿಟ್ಟು ತಿಂಗಳ ನಂತರ ಬಿಚ್ಚಿದರೆ ವಿಡಿಯೋ ಇದ್ದರೂ ಪ್ರಯೋಜನವಿಲ್ಲ.

ಕ್ಲೈಮ್ ತಿರಸ್ಕಾರವಾದರೆ “ನನಗೆ ಮೋಸವಾಗಿದೆ” ಎಂದಷ್ಟೇ ಮತ್ತೆ ಬರೆಯಬೇಡಿ. ಆರ್ಡರ್ ನಂಬರ್, ಹೋದಾಗಿನ ತೂಕ, ಬಂದಾಗಿನ ತೂಕ, ವಿಡಿಯೋದ ಎಷ್ಟನೇ ನಿಮಿಷದಲ್ಲಿ ಏನು ಕಾಣುತ್ತದೆ, ಇಷ್ಟನ್ನು ನಾಲ್ಕು ಸಾಲಿನಲ್ಲಿ ಕೊಟ್ಟು ಮೇಲ್ಮನವಿ ಹಾಕಿ.

ಮೊತ್ತ ದೊಡ್ಡದಿದ್ದರೆ, ಅಥವಾ ಒಂದೇ ವಿಳಾಸದಿಂದ ಮತ್ತೆ ಮತ್ತೆ ಹೀಗಾದರೆ ಪೊಲೀಸರಿಗೆ ದೂರು ಕೊಡಬಹುದು. ಮೋಸ ಮಾಡಿ ವಸ್ತು ಪಡೆಯುವುದು ಭಾರತೀಯ ನ್ಯಾಯ ಸಂಹಿತೆಯ 318ನೇ ಸೆಕ್ಷನ್ ಪ್ರಕಾರ 7 ವರ್ಷದವರೆಗೆ ಶಿಕ್ಷೆ ವಿಧಿಸಬಹುದಾದ ಅಪರಾಧ. ಹಳೆಯ ಐಪಿಸಿಯ 420 ಎಂದರೆ ಎಲ್ಲರಿಗೂ ಗೊತ್ತಾಗುತ್ತದೆ. ಕೊಂಡವರು ದೆಹಲಿಯಲ್ಲಿದ್ದರೂ ನೀವು ದೆಹಲಿಗೆ ಹೋಗಬೇಕಿಲ್ಲ. ಯಾವ ಠಾಣೆಯಲ್ಲಾದರೂ ದೂರು ದಾಖಲಿಸಿ ಸಂಬಂಧಪಟ್ಟ ಠಾಣೆಗೆ ವರ್ಗಾಯಿಸುವ ‘ಝೀರೋ ಎಫ್‌ಐಆರ್’ಗೆ ಈಗ ಕಾನೂನಿನಲ್ಲೇ ಜಾಗವಿದೆ.

ವಾಟ್ಸಾಪ್‌ನಲ್ಲಿ ನೇರವಾಗಿ ಮಾರುವವರಿಗೆ

ಇಲ್ಲಿ ಮಧ್ಯೆ ಕಂಪನಿ ಇಲ್ಲ. ಮೋಸದ ರೂಪವೂ ಬೇರೆ. “ತಪ್ಪಿ 1,200ರ ಬದಲು 12,000 ಹಾಕಿಬಿಟ್ಟೆ, ಉಳಿದದ್ದು ವಾಪಸ್ ಕಳಿಸಿ” ಎಂದು ಸ್ಕ್ರೀನ್‌ಶಾಟ್ ಬರುತ್ತದೆ. ಬ್ಯಾಂಕಿನದೇ ಎನ್ನುವಂತೆ ಎಸ್ಎಂಎಸ್ ಕೂಡ ಬರಬಹುದು. ಸ್ಕ್ರೀನ್‌ಶಾಟ್, ಎಸ್ಎಂಎಸ್ ಎರಡನ್ನೂ ನಕಲು ಮಾಡಬಹುದು. ನಿಮ್ಮ ಬ್ಯಾಂಕ್ ಖಾತೆಯ ಬ್ಯಾಲೆನ್ಸ್ ನೋಡಿದ ಮೇಲೆಯೇ ಮುಂದಿನ ಮಾತು. ಹಣ ಪಡೆಯಲು ಯುಪಿಐ ಪಿನ್ ಹಾಕಬೇಕಿಲ್ಲ, ಕ್ಯೂಆರ್ ಸ್ಕ್ಯಾನ್ ಮಾಡಬೇಕಿಲ್ಲ. ಪಿನ್ ಕೇಳಿದರೆ ಹಣ ನಿಮ್ಮಿಂದ ಹೋಗುತ್ತಿದೆ ಎಂದೇ ಅರ್ಥ.

ಹೀಗೆ ಹಣ ಕಳೆದುಕೊಂಡರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣವನ್ನು ದಾರಿಯಲ್ಲೇ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಕಂಪನಿಯ ಕಸ್ಟಮರ್ ಕೇರ್ ನಂಬರನ್ನು ಗೂಗಲ್‌ನಲ್ಲಿ ಹುಡುಕಿ ಸಿಕ್ಕಿದ್ದಕ್ಕೆ ಕರೆ ಮಾಡಬೇಡಿ. ಒಮ್ಮೆ ಮೋಸ ಹೋದವರನ್ನೇ ಕಾದು ಕೂತ ನಕಲಿ ನಂಬರುಗಳು ಅಲ್ಲಿರುತ್ತವೆ. ಆ್ಯಪ್‌ನ ಒಳಗಿಂದಲೇ ಸಂಪರ್ಕಿಸಿ.

ಕೊಂಡವರ ಹೆಸರು, ಫೋಟೋ ಗ್ರೂಪಿಗೆ ಹಾಕಬಹುದೇ?

ಬೇಡ. ಸಿಟ್ಟು ಬರುವುದು ಸಹಜ. ಆದರೆ ಪಾರ್ಸೆಲ್ ಕೊಂಡವರ ಮನೆಯಿಂದ ನಿಮ್ಮ ಮನೆಗೆ ಬರುವಷ್ಟರಲ್ಲಿ ಹಲವು ಕೈ ದಾಟಿರುತ್ತದೆ. ವಸ್ತು ಬದಲಾಗಿದೆ ಎಂದು ನಿಮ್ಮ ವಿಡಿಯೋ ತೋರಿಸುತ್ತದೆ, ಯಾರು ಬದಲಾಯಿಸಿದರು ಎಂದು ತೋರಿಸುವುದಿಲ್ಲ. ಗೋದಾಮಿನಲ್ಲಿ ಲೇಬಲ್ ಅದಲುಬದಲಾಗಿ ಯಾರದೋ ಪಾರ್ಸೆಲ್ ನಿಮಗೆ ಬಂದಿರಲೂಬಹುದು. “ಈಕೆ ಕಳ್ಳಿ, ಎಲ್ಲರಿಗೂ ಕಳಿಸಿ” ಎಂಬ ಒಂದು ಫಾರ್ವರ್ಡ್ ತಪ್ಪು ಮನೆಯ ಬಾಗಿಲು ತಟ್ಟಿದರೆ ಅದನ್ನು ವಾಪಸ್ ಪಡೆಯುವ ಯಾವ ವ್ಯವಸ್ಥೆಯೂ ಇಲ್ಲ. ಮಾನನಷ್ಟದ ದೂರು ನಿಮ್ಮ ಮೇಲೇ ಬರಬಹುದು. ವಿಳಾಸ, ಫೋನ್ ನಂಬರ್ ತಲುಪಬೇಕಾದದ್ದು ಕಂಪನಿಗೆ ಮತ್ತು ಪೊಲೀಸರಿಗೆ ಮಾತ್ರ.

ನೆನಪಿಡಿ

ದೋಷವಿರುವ ವಸ್ತುವನ್ನು ವಾಪಸ್ ಪಡೆಯುವುದು ಮಾರಾಟಗಾರರ ಕರ್ತವ್ಯ. ಬದಲಾಯಿಸಿದ ವಸ್ತುವನ್ನು ಪ್ರಶ್ನಿಸುವುದು ಅವರ ಹಕ್ಕು. ಕಳಿಸುವಾಗ ಒಂದು ವಿಡಿಯೋ, ಬಂದಾಗ ಒಂದು ವಿಡಿಯೋ, ಗಡುವಿನೊಳಗೆ ದೂರು, ಈ ಮೂರಕ್ಕೂ ಖರ್ಚಿಲ್ಲ. ನಿಮಗೆ ಗೊತ್ತಿರುವವರು ಮನೆಯಿಂದ ಏನಾದರೂ ಮಾರುತ್ತಿದ್ದರೆ, ಮೊದಲ ಪಾರ್ಸೆಲ್ ಕಳಿಸುವ ಮುನ್ನವೇ ಅವರಿಗೆ ಇದನ್ನು ತಲುಪಿಸಿ.