ಗಾಳಿ ತುಂಬಿಕೊಳ್ಳುವ ಲೈಫ್ ಜಾಕೆಟ್: ಅದು ಹೇಗೆ ಜೀವ ಉಳಿಸುತ್ತದೆ?

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ. ಈ ನಾಲ್ಕು ತಾಲ್ಲೂಕುಗಳಿಂದ ಸಮುದ್ರ ಬಹಳ ದೂರ. ಹೀಗಿರುವಾಗ ಹಡಗಿನಲ್ಲಿ ತೊಡುವ ಜೀವರಕ್ಷಕ ಅಂಗಿಯ ವಿಷಯ ನಮಗೇಕೆ ಎಂದು ನೀವು ಕೇಳಬಹುದು. ಆದರೆ ನಮ್ಮಲ್ಲಿ ನೀರಿಗೆ ಕೊರತೆಯಿಲ್ಲ. ಹುಣಸೂರಿನಲ್ಲಿ ಲಕ್ಷ್ಮಣತೀರ್ಥ ಹರಿಯುತ್ತದೆ. ಪಿರಿಯಾಪಟ್ಟಣದ ಅಂಚಿನಲ್ಲಿ ಕಾವೇರಿ ಇದ್ದಾಳೆ, ಹಾರಂಗಿ ನಾಲೆಯೂ ಇದೆ. ಕೆ.ಆರ್. ನಗರದ ಕಡೆ ಚುಂಚನಕಟ್ಟೆ ಜಲಪಾತ ಮತ್ತು ಕಾವೇರಿ ನಾಲೆಗಳಿವೆ. ಎಚ್.ಡಿ. ಕೋಟೆಯಲ್ಲಂತೂ ಕಬಿನಿ, ತಾರಕ, ನುಗು, ಹೆಬ್ಬಳ್ಳ ಎಂಬ ನಾಲ್ಕು ಜಲಾಶಯಗಳಿವೆ. ಕಬಿನಿ ಹಿನ್ನೀರಿನಲ್ಲಿ ಪ್ರವಾಸಿಗರ ದೋಣಿಗಳು ಓಡಾಡುತ್ತವೆ, ಮೀನುಗಾರರು ತೆಪ್ಪದಲ್ಲಿ ಬಲೆ ಬೀಸುತ್ತಾರೆ. ಇನ್ನು ಡಿಸೆಂಬರ್, ಜನವರಿ ಬಂತೆಂದರೆ ಕಾಲೇಜುಗಳಿಂದ ಕಾರವಾರ, ಮುರುಡೇಶ್ವರ, ಮಲ್ಪೆಗೆ ಪ್ರವಾಸದ ಬಸ್ಸುಗಳು ಹೊರಡುತ್ತವೆ. ಅಲ್ಲಿ ದೋಣಿ ಹತ್ತದೆ ಬರುವವರು ಕಡಿಮೆ.

ಮೂರು ದುರಂತಗಳನ್ನು ನೆನಪಿಸಿಕೊಳ್ಳೋಣ. 2019ರ ಜನವರಿ 21ರಂದು ಕಾರವಾರದ ಬಳಿಯ ಕೂರ್ಮಗಡ ದ್ವೀಪದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ಸತ್ತರು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ಎರಡು ಅಂತಸ್ತಿನ ಪ್ರವಾಸಿ ದೋಣಿ ಮುಳುಗಿ 22 ಮಂದಿ ಸತ್ತರು, ಅವರಲ್ಲಿ ಹಲವರು ಮಕ್ಕಳು. 2024ರ ಜನವರಿ 18ರಂದು ಗುಜರಾತಿನ ವಡೋದರಾದ ಹರಣಿ ಕೆರೆಯಲ್ಲಿ ಶಾಲಾ ಪ್ರವಾಸದ ದೋಣಿ ಮಗುಚಿ 12 ವಿದ್ಯಾರ್ಥಿಗಳು ಮತ್ತು ಇಬ್ಬರು ಶಿಕ್ಷಕಿಯರು ಜೀವ ಕಳೆದುಕೊಂಡರು. ಮೂರೂ ಕಡೆ ದೋಣಿಯಲ್ಲಿ ಮಿತಿಮೀರಿ ಜನ ತುಂಬಿದ್ದರು, ಲೈಫ್ ಜಾಕೆಟ್ ತೊಡದವರೇ ಹೆಚ್ಚಿದ್ದರು ಎಂದು ವರದಿಗಳು ಹೇಳಿದವು. ಹರಣಿ ಕೆರೆಯೇನೂ ಕಡಲಲ್ಲ, ಊರ ನಡುವಿನ ಕೆರೆ.

ಬೆಂಡಿನಿಂದ ಗಾಳಿಯವರೆಗೆ

ತೇಲುವ ಅಂಗಿಯ ಚರಿತ್ರೆ ಹಳೆಯದು. 1854ರಲ್ಲಿ ಇಂಗ್ಲೆಂಡಿನ ಜೀವರಕ್ಷಕ ದೋಣಿಗಳ ಸಂಸ್ಥೆಯಲ್ಲಿದ್ದ ಕ್ಯಾಪ್ಟನ್ ಜಾನ್ ವಾರ್ಡ್ ಎಂಬುವರು ಕಾರ್ಕ್ ತುಂಡುಗಳನ್ನು ಬಟ್ಟೆಗೆ ಹೊಲಿದು ಅಂಗಿ ಮಾಡಿಸಿದರು. ಬಾಟಲಿಯ ಬಿರಡೆ ಮಾಡುತ್ತಾರಲ್ಲ, ಅದೇ ಕಾರ್ಕ್. ತೇಲುತ್ತಿತ್ತು, ಆದರೆ ಗಡುಸು. ಆಮೇಲೆ ಬೂರಗದ ಜಾತಿಯ ಮರದ ಹತ್ತಿ ಬಂತು. ದಿಂಬಿಗೆ ತುಂಬುವ ಈ ನಾರು ಒಳಗೆ ಟೊಳ್ಳು, ಮೇಲೆ ಮೇಣದಂಥ ಪದರ. ಹಾಗಾಗಿ ನೀರು ಬೇಗ ಹೀರುವುದಿಲ್ಲ. ಅದು ಮೃದುವಾಗಿತ್ತು, ಆದರೆ ಎಣ್ಣೆ ತಾಗಿದರೆ ಅಥವಾ ಒತ್ತಿಹೋದರೆ ತೇಲುವ ಗುಣ ಕಳೆದುಕೊಳ್ಳುತ್ತಿತ್ತು. ಈಗ ಪ್ರವಾಸಿ ದೋಣಿಗಳಲ್ಲಿ ಕಾಣುವ ಕಿತ್ತಳೆ ಬಣ್ಣದ ಜಾಕೆಟ್‌ಗಳಲ್ಲಿ ಇರುವುದು ಫೋಮ್. ಅದರ ಸಣ್ಣ ಸಣ್ಣ ಗೂಡುಗಳಲ್ಲಿ ಗಾಳಿ ಸಿಕ್ಕಿಕೊಂಡಿರುತ್ತದೆ.

ಫೋಮ್ ಜಾಕೆಟ್‌ನ ತೊಂದರೆ ಅದರ ಗಾತ್ರ. ಹತ್ತು ನಿಮಿಷ ದೋಣಿಯಲ್ಲಿ ಕೂರುವವರಿಗೆ ಅದು ಕಷ್ಟವಲ್ಲ. ಇಡೀ ದಿನ ಬಿಸಿಲಿನಲ್ಲಿ ಹಗ್ಗ ಎಳೆಯುವ ನಾವಿಕನಿಗೆ, ಬಲೆ ಸೇದುವ ಮೀನುಗಾರನಿಗೆ ಅದು ಅಡ್ಡಿ. ಸೆಕೆಯಾಗುತ್ತದೆ, ಕೈ ಆಡುವುದಿಲ್ಲ. ಕೊನೆಗೆ ಬಿಚ್ಚಿ ಮೂಲೆಗೆ ಇಡುತ್ತಾರೆ. ಮೂಲೆಯಲ್ಲಿರುವ ಜಾಕೆಟ್ ಯಾರನ್ನೂ ಉಳಿಸುವುದಿಲ್ಲ. ಈ ತೊಂದರೆಗೆ ಸಿಕ್ಕ ಉತ್ತರವೇ ಗಾಳಿ ತುಂಬಿಕೊಳ್ಳುವ ಜಾಕೆಟ್. ಎರಡನೇ ಮಹಾಯುದ್ಧದಲ್ಲಿ ಸಮುದ್ರದ ಮೇಲೆ ಹಾರುತ್ತಿದ್ದ ವಿಮಾನ ಸಿಬ್ಬಂದಿ ಇಂಥದ್ದನ್ನು ವ್ಯಾಪಕವಾಗಿ ಬಳಸಿದರು. ಈಗ ಅದು ಎರಡು ಅಗಲ ಪಟ್ಟಿಗಳಂತೆ ಕತ್ತಿನ ಸುತ್ತ ಇಳಿಬಿದ್ದಿರುತ್ತದೆ. ನೀರಿಗೆ ಬಿದ್ದಾಗ ಮಾತ್ರ ಉಬ್ಬುತ್ತದೆ.

ಒಳಗಿನ ಲೆಕ್ಕ

ಇಲ್ಲಿ ನಿಮ್ಮ ಪಿಯುಸಿ ಪಠ್ಯವೇ ಕೆಲಸಕ್ಕೆ ಬರುತ್ತದೆ. ಜಾಕೆಟ್‌ನೊಳಗೆ ಹೆಬ್ಬೆರಳಿಗಿಂತ ದೊಡ್ಡದಾದ ಉಕ್ಕಿನ ಸಿಲಿಂಡರ್ ಇರುತ್ತದೆ. ಸಾಮಾನ್ಯವಾಗಿ ವಯಸ್ಕರ ಜಾಕೆಟ್‌ನಲ್ಲಿ 33 ಗ್ರಾಂ ಕಾರ್ಬನ್ ಡೈಆಕ್ಸೈಡ್ ತುಂಬಿರುತ್ತಾರೆ. ಇದರ ಅಣುತೂಕ 44. ಅಂದರೆ 33 ಗ್ರಾಂ ಎಂದರೆ 0.75 ಮೋಲ್. ಒಂದು ಮೋಲ್ ಅನಿಲ ಪ್ರಮಾಣಿತ ಸ್ಥಿತಿಯಲ್ಲಿ 22.4 ಲೀಟರ್ ಜಾಗ ಹಿಡಿಯುತ್ತದೆ ಎಂದು ನೀವು ಓದಿದ್ದೀರಿ. 0.75ರಿಂದ ಗುಣಿಸಿದರೆ 16.8 ಲೀಟರ್.

ಈಗ ಭೌತಶಾಸ್ತ್ರಕ್ಕೆ ಬನ್ನಿ. ಆರ್ಕಿಮಿಡೀಸ್ ತತ್ವದಂತೆ, ಮುಳುಗಿದ ವಸ್ತು ಎಷ್ಟು ನೀರನ್ನು ಪಕ್ಕಕ್ಕೆ ಸರಿಸುತ್ತದೋ ಅಷ್ಟು ನೀರಿನ ತೂಕಕ್ಕೆ ಸಮನಾದ ಬಲ ಅದನ್ನು ಮೇಲಕ್ಕೆ ಒತ್ತುತ್ತದೆ. 16.8 ಲೀಟರ್ ನೀರಿನ ರಾಶಿ 16.8 ಕಿಲೋ. 9.8ರಿಂದ ಗುಣಿಸಿದರೆ ಸುಮಾರು 165 ನ್ಯೂಟನ್. ಜಾಕೆಟ್‌ನ ಮೇಲೆ ‘150 ನ್ಯೂಟನ್’ ಎಂದು ಬರೆದಿರುವುದನ್ನು ಕಂಡರೆ ಅದರ ಮೂಲ ಈ ಲೆಕ್ಕದಲ್ಲಿದೆ ಎಂದು ತಿಳಿಯಿರಿ. ಅಂತರರಾಷ್ಟ್ರೀಯ ಮಾನದಂಡದಲ್ಲಿ 50, 100, 150 ಮತ್ತು 275 ನ್ಯೂಟನ್ ಎಂಬ ನಾಲ್ಕು ದರ್ಜೆಗಳಿವೆ. 50 ನ್ಯೂಟನ್‌ನದು ದಡದ ಹತ್ತಿರ ಇರುವ, ಈಜು ಬಲ್ಲವರಿಗೆ. 275 ನ್ಯೂಟನ್‌ನದು ದಪ್ಪ ಬಟ್ಟೆ, ಸಲಕರಣೆ ಹೊತ್ತು ತೆರೆದ ಕಡಲಿನಲ್ಲಿ ಕೆಲಸ ಮಾಡುವವರಿಗೆ.

60 ಕಿಲೋ ತೂಕದ ಮನುಷ್ಯನನ್ನು 15 ಕಿಲೋ ಬಲ ಹೇಗೆ ತೇಲಿಸುತ್ತದೆ ಎಂಬ ಪ್ರಶ್ನೆ ಏಳಬಹುದು. ಮನುಷ್ಯನ ದೇಹದ ಸಾಂದ್ರತೆ ಹೆಚ್ಚುಕಡಿಮೆ ನೀರಿನಷ್ಟೇ. ಉಸಿರೆಳೆದುಕೊಂಡಾಗ ಸ್ವಲ್ಪ ಹಗುರ, ಬಿಟ್ಟಾಗ ಸ್ವಲ್ಪ ಭಾರ. ಆದ್ದರಿಂದ ದೇಹವನ್ನು ಬಹುಪಾಲು ನೀರೇ ಹೊತ್ತಿರುತ್ತದೆ. ನೀರಿನಿಂದ ಹೊರಗೆ ಹಿಡಿಯಬೇಕಾದದ್ದು ತಲೆಯನ್ನು ಮಾತ್ರ. ಅದರ ತೂಕ ನಾಲ್ಕೈದು ಕಿಲೋ. ಉಳಿದ ಬಲ ನೆನೆದ ಬಟ್ಟೆ, ಅಲೆಗಳ ಹೊಡೆತ ಮತ್ತು ಪ್ರಜ್ಞೆ ತಪ್ಪಿದವರನ್ನು ಮಗ್ಗುಲು ತಿರುಗಿಸುವ ಕೆಲಸಕ್ಕೆ ಬೇಕು.

ಮುಖ ಮೇಲಾಗಿ ತಿರುಗಿಸುವುದೇ ಒಳ್ಳೆಯ ಜಾಕೆಟ್‌ನ ಮುಖ್ಯ ಗುಣ. ಗಾಳಿಯ ಚೀಲ ಎದೆಯ ಮೇಲೆ ಮತ್ತು ಕತ್ತಿನ ಹಿಂದೆ ಇರುತ್ತದೆ, ಬೆನ್ನಿನ ಮೇಲೆ ಇರುವುದಿಲ್ಲ. ಮನುಷ್ಯ ಬೋರಲಾಗಿ ಬಿದ್ದರೆ ಎದೆಯ ಕೆಳಗಿನ ಗಾಳಿ ಮೇಲಕ್ಕೆ ಬರಲು ತಳ್ಳುತ್ತದೆ, ಭಾರವಾದ ಭಾಗ ಕೆಳಗಿಳಿಯುತ್ತದೆ. ಕೆಲವೇ ಸೆಕೆಂಡುಗಳಲ್ಲಿ ಮುಖ ಆಕಾಶದತ್ತ ತಿರುಗುತ್ತದೆ. ತಲೆಗೆ ಪೆಟ್ಟು ಬಿದ್ದು ಎಚ್ಚರ ತಪ್ಪಿದವರಿಗೆ ಬೇರೆ ಯಾವ ಆಸರೆಯೂ ಇರುವುದಿಲ್ಲ. ನಮ್ಮಲ್ಲಿ ಈಜು ಕಲಿಯುವವರು ಸೊಂಟಕ್ಕೆ ಕಟ್ಟಿಕೊಳ್ಳುವ ಟ್ಯೂಬ್ ಈ ಕೆಲಸ ಮಾಡದು.

ಯಾರೂ ಒತ್ತದೆ ಹೇಗೆ ಉಬ್ಬುತ್ತದೆ?

ಕಾರ್ಬನ್ ಡೈಆಕ್ಸೈಡ್ ಆಯ್ದುಕೊಳ್ಳಲು ಕಾರಣವಿದೆ. 31 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಉಷ್ಣತೆಯಲ್ಲಿ ಒತ್ತಡ ಹಾಕಿದರೆ ಅದು ದ್ರವವಾಗುತ್ತದೆ. ಹಾಗಾಗಿ ಚಿಕ್ಕ ಸಿಲಿಂಡರಿನಲ್ಲಿ ಬಹಳ ಅನಿಲ ಹಿಡಿಸಬಹುದು. ಅದು ಬೆಂಕಿ ಹತ್ತುವ ಅನಿಲವೂ ಅಲ್ಲ.

ಸಿಲಿಂಡರಿನ ಬಾಯಿಯನ್ನು ತೆಳು ಲೋಹದಿಂದ ಮುಚ್ಚಿರುತ್ತಾರೆ. ಅದರ ಎದುರು ಒಂದು ಚೂಪು ಸೂಜಿ, ಅದರ ಹಿಂದೆ ಬಿಗಿದ ಸ್ಪ್ರಿಂಗ್. ಸ್ಪ್ರಿಂಗನ್ನು ತಡೆದು ನಿಲ್ಲಿಸಿರುವುದು ನೀರಿನಲ್ಲಿ ಕರಗುವ ಒಂದು ಚಿಕ್ಕ ಬಿಲ್ಲೆ. ನೀರಿಗೆ ಬಿದ್ದ ಕೂಡಲೇ ಬಿಲ್ಲೆ ಕರಗುತ್ತದೆ, ಸ್ಪ್ರಿಂಗ್ ಚಿಮ್ಮುತ್ತದೆ, ಸೂಜಿ ತೂತು ಮಾಡುತ್ತದೆ, ಅನಿಲ ನುಗ್ಗಿ ಚೀಲ ಉಬ್ಬುತ್ತದೆ. ಇದಕ್ಕೆ ಕೆಲವು ಸೆಕೆಂಡು ಸಾಕು. ಇನ್ನೊಂದು ಬಗೆಯದರಲ್ಲಿ ಬಿಲ್ಲೆಯ ಮೇಲೆ ಒಂದು ಕವಾಟವಿದ್ದು, ಸುಮಾರು 10 ಸೆಂಟಿಮೀಟರ್ ಆಳದ ನೀರಿನ ಒತ್ತಡ ಬಿದ್ದಾಗ ಮಾತ್ರ ತೆರೆಯುತ್ತದೆ. ಮಳೆಗೋ ಅಲೆಯ ತುಂತುರಿಗೋ ಅದು ಸುಮ್ಮನೆ ಉಬ್ಬುವುದಿಲ್ಲ.

ಯಂತ್ರ ಕೈಕೊಟ್ಟರೆ ಎಳೆಯಲು ಒಂದು ದಾರದ ಹಿಡಿಕೆ ಇರುತ್ತದೆ. ಅದೂ ಕೆಲಸ ಮಾಡದಿದ್ದರೆ ಬಾಯಿಂದ ಊದಲು ಕೊಳವೆ ಇರುತ್ತದೆ. ದೊಡ್ಡ ಹಡಗುಗಳಿಗೆ ಈ ಮೂರೂ ಕಡ್ಡಾಯ. ಟೈಟಾನಿಕ್ ದುರಂತದ ಬಳಿಕ 1914ರಲ್ಲಿ ಸಮುದ್ರ ಸುರಕ್ಷತೆಯ ಅಂತರರಾಷ್ಟ್ರೀಯ ಒಪ್ಪಂದ ಬಂತು, ಅದನ್ನು ‘ಸೋಲಾಸ್’ ಎನ್ನುತ್ತಾರೆ. ಅದರಡಿಯ ನಿಯಮಗಳ ಪ್ರಕಾರ ಗಾಳಿ ತುಂಬುವ ಜಾಕೆಟ್‌ನಲ್ಲಿ ಬೇರೆ ಬೇರೆಯಾದ ಕನಿಷ್ಠ ಎರಡು ಕೋಣೆಗಳಿರಬೇಕು. ಒಂದು ಹರಿದರೂ ಇನ್ನೊಂದು ಮನುಷ್ಯನನ್ನು ತೇಲಿಸಬೇಕು. ಸೀಟಿ ಇರಬೇಕು, ಕನಿಷ್ಠ 8 ಗಂಟೆ ಉರಿಯುವ ದೀಪ ಇರಬೇಕು. ಮೊದಲ ಬಾರಿ ನೋಡುವವರಲ್ಲಿ ನೂರಕ್ಕೆ 75 ಮಂದಿಯಾದರೂ ಯಾರ ಸಹಾಯವೂ ಇಲ್ಲದೆ ಒಂದು ನಿಮಿಷದೊಳಗೆ ಸರಿಯಾಗಿ ತೊಡುವಂತಿರಬೇಕು. ಪ್ರಯಾಣಿಕ ಹಡಗಿನಲ್ಲಿ ಎಲ್ಲರಿಗೂ ಜಾಕೆಟ್ ಇರುವುದಲ್ಲದೆ, ಪ್ರಯಾಣಿಕರ ಸಂಖ್ಯೆಯ ಕನಿಷ್ಠ ಶೇ. 10ರಷ್ಟು ಮಕ್ಕಳ ಜಾಕೆಟ್‌ಗಳೂ ಇರಬೇಕು.

ಎಲ್ಲಿ ಬೇಕು, ಎಲ್ಲಿ ಬೇಡ

ಗಾಳಿಯ ಜಾಕೆಟ್ ಎಲ್ಲ ಕಡೆಯೂ ಉತ್ತಮ ಎಂದು ತಿಳಿಯಬಾರದು. ಅದೊಂದು ಯಂತ್ರ, ಯಂತ್ರಕ್ಕೆ ಆರೈಕೆ ಬೇಕು. ಬಿಲ್ಲೆಗೆ ಅವಧಿ ಮುಗಿಯುವ ದಿನಾಂಕವಿರುತ್ತದೆ. ಸಿಲಿಂಡರ್ ಒಮ್ಮೆ ಬಳಸಿದರೆ ಮುಗಿಯಿತು, ಹೊಸದು ಹಾಕಬೇಕು. ತಿರುಪು ಸಡಿಲವಾದರೆ ಸೂಜಿ ಚುಚ್ಚದೇ ಹೋಗಬಹುದು. ಆದ್ದರಿಂದ ಹಡಗಿನ ಜಾಕೆಟ್‌ಗಳನ್ನು 12 ತಿಂಗಳಿಗೊಮ್ಮೆ ಮಾನ್ಯತೆ ಪಡೆದ ಕೇಂದ್ರದಲ್ಲಿ ಪರೀಕ್ಷಿಸಬೇಕೆಂಬ ನಿಯಮವಿದೆ. ದಿನಕ್ಕೆ ನೂರಾರು ಪ್ರವಾಸಿಗರು ತೊಟ್ಟು ಬಿಚ್ಚುವ ದೋಣಿಯಲ್ಲಿ ಇಷ್ಟು ಆರೈಕೆ ಆಗುವುದು ಕಷ್ಟ. ಅಂಥ ಕಡೆ ಫೋಮ್ ಜಾಕೆಟ್ಟೇ ಮೇಲು. ಈಜು ಬಾರದವರಿಗೂ ಮಕ್ಕಳಿಗೂ ಅದೇ ಒಳ್ಳೆಯದು, ಏಕೆಂದರೆ ನೀರಿಗೆ ಬಿದ್ದ ಮೊದಲ ಕ್ಷಣದಿಂದಲೇ ಅದು ತೇಲಿಸುತ್ತದೆ.

ಇನ್ನೊಂದು ಅಪಾಯ ಮುಚ್ಚಿದ ಜಾಗದ್ದು. 1996ರ ನವೆಂಬರ್ 23ರಂದು ಇಥಿಯೋಪಿಯನ್ ಏರ್‌ಲೈನ್ಸ್‌ನ ವಿಮಾನವೊಂದನ್ನು ಅಪಹರಿಸಲಾಯಿತು. ಇಂಧನ ಮುಗಿದು ಅದು ಕೊಮೊರೊಸ್ ದ್ವೀಪದ ಬಳಿ ಸಮುದ್ರಕ್ಕೆ ಬಿತ್ತು. ಹಲವರು ಗಾಬರಿಯಿಂದ ಒಳಗಿರುವಾಗಲೇ ಜಾಕೆಟ್ ಉಬ್ಬಿಸಿಕೊಂಡಿದ್ದರು. ನೀರು ಒಳನುಗ್ಗಿದಾಗ ಜಾಕೆಟ್ ಅವರನ್ನು ಚಾವಣಿಗೆ ಒತ್ತಿ ಹಿಡಿಯಿತು, ಬಾಗಿಲಿಗೆ ಹೋಗಲು ಆಗಲಿಲ್ಲ. ವಿಮಾನದಲ್ಲಿ ಗಗನಸಖಿಯರು ‘ಹೊರಗೆ ಬಂದ ಮೇಲೆ ಮಾತ್ರ ಉಬ್ಬಿಸಿ’ ಎಂದು ಹೇಳುವುದು ಇದಕ್ಕೇ. ಮುಚ್ಚಿದ ಕೋಣೆಯಿರುವ ದೋಣಿಗೂ ಈ ಮಾತು ಅನ್ವಯಿಸುತ್ತದೆ. ಅಂಥ ದೋಣಿಯಲ್ಲಿ ತೆರೆದ ಕಡೆ ಕುಳಿತುಕೊಳ್ಳುವುದು ಕ್ಷೇಮ.

ದೋಣಿ ಹತ್ತುವ ಮುನ್ನ

ಈ ಕೆಳಗಿನವನ್ನು ವಿದ್ಯಾರ್ಥಿಗಳೂ ಜೊತೆಗೆ ಹೋಗುವ ಅಧ್ಯಾಪಕರೂ ನೆನಪಿಡಿ.

1. ಎಲ್ಲರಿಗೂ ಜಾಕೆಟ್ ಇದೆಯೇ ಎಂದು ದಡದಲ್ಲೇ ಎಣಿಸಿ. ಒಂದು ಕಡಿಮೆಯಿದ್ದರೂ ಆ ದೋಣಿ ಹತ್ತಬೇಡಿ. ಟಿಕೆಟ್ ದುಡ್ಡು ಹೋದರೆ ಹೋಗಲಿ.

2. ಜಾಕೆಟ್‌ನ ಎಲ್ಲ ಬಕಲ್‌ಗಳನ್ನು ಹಾಕಿ. ಸ್ನೇಹಿತರೊಬ್ಬರು ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೆಯಲಿ. ಅದು ಕಿವಿಯ ತನಕ ಬಂದರೆ ಸಡಿಲವಾಗಿದೆ ಎಂದರ್ಥ. ತೊಡೆಯ ನಡುವೆ ಹಾಯುವ ಪಟ್ಟಿ ಇದ್ದರೆ ಅದನ್ನೂ ಕಟ್ಟಿ.

3. ಗಾಳಿಯ ಜಾಕೆಟ್ ಆದರೆ ಅದನ್ನು ಎಲ್ಲ ಬಟ್ಟೆಗಳ ಮೇಲೆ ತೊಡಿ. ಸ್ವೆಟರ್, ಬುರ್ಖಾ, ರೇನ್‌ಕೋಟ್ ಮುಂತಾದವುಗಳ ಒಳಗೆ ತೊಟ್ಟರೆ ಉಬ್ಬುವಾಗ ಎದೆ ಬಿಗಿದು ಉಸಿರಾಟಕ್ಕೆ ತೊಂದರೆಯಾಗುತ್ತದೆ. ದಾರದ ಹಿಡಿಕೆ ಹೊರಗೆ ಕಾಣುವಂತಿರಲಿ.

4. ಫೋಟೋಗಾಗಿ ಬಿಚ್ಚಬೇಡಿ. ಎಲ್ಲರೂ ಒಂದೇ ಪಕ್ಕಕ್ಕೆ ಎದ್ದು ಹೋಗಬೇಡಿ. ದೋಣಿ ಮಗುಚಲು ಅದೊಂದು ಸಾಮಾನ್ಯ ಕಾರಣ.

5. ಯಾರಾದರೂ ಮುಳುಗುತ್ತಿದ್ದರೆ ಧುಮುಕಬೇಡಿ. ಒಬ್ಬರನ್ನು ಉಳಿಸಲು ಹೋಗಿ ಇಬ್ಬರು, ಮೂವರು ಸತ್ತ ಸುದ್ದಿ ನಮ್ಮ ನಾಲೆ, ಕೆರೆಗಳ ಕಡೆಯಿಂದಲೂ ಬರುತ್ತಲೇ ಇರುತ್ತದೆ. ಹಗ್ಗ, ದುಪಟ್ಟಾ, ಉದ್ದನೆಯ ಕೋಲು ಚಾಚಿ. ಬಿಗಿಯಾಗಿ ಮುಚ್ಚಳ ಹಾಕಿದ 20 ಲೀಟರಿನ ಖಾಲಿ ನೀರಿನ ಕ್ಯಾನ್ ಎಸೆಯಿರಿ. ಮೇಲಿನ ಲೆಕ್ಕವನ್ನೇ ಹಾಕಿ ನೋಡಿ, ಅದರ ಬಲ 190 ನ್ಯೂಟನ್‌ಗಿಂತ ಹೆಚ್ಚು. ಹಿಡಿದುಕೊಂಡು ತಲೆ ಮೇಲಿಡಲು ಧಾರಾಳವಾಗಿ ಸಾಕು. ಆದರೆ ಕ್ಯಾನ್ ಜಾಕೆಟ್ ಅಲ್ಲ, ಕೈ ಬಿಟ್ಟರೆ ಹೋಯಿತು.

6. ಕೂಡಲೇ 112ಕ್ಕೆ ಕರೆ ಮಾಡಿ. ಕಡಲಿನಲ್ಲಾದರೆ ಕರಾವಳಿ ಕಾವಲು ಪಡೆಯ ಸಂಖ್ಯೆ 1554.

ಜಾಕೆಟ್‌ಗೂ ಮಿತಿಯಿದೆ ಎಂಬುದನ್ನು ಮರೆಯಬಾರದು. 1912ರಲ್ಲಿ ಟೈಟಾನಿಕ್ ಮುಳುಗಿದಾಗ ಲೈಫ್ ಜಾಕೆಟ್‌ಗಳ ಕೊರತೆ ಇರಲಿಲ್ಲ, ಜೀವರಕ್ಷಕ ದೋಣಿಗಳ ಕೊರತೆ ಇತ್ತು. ಜಾಕೆಟ್ ತೊಟ್ಟ ನೂರಾರು ಜನ ಮಂಜಿನಂಥ ನೀರಿನಲ್ಲಿ ತೇಲುತ್ತಲೇ ಚಳಿಗೆ ಸತ್ತರು. ಜಾಕೆಟ್ ನಮಗೆ ಕೊಡುವುದು ಸಮಯವನ್ನು. ಆ ಸಮಯದಲ್ಲಿ ಇನ್ನೊಂದು ದೋಣಿ ಬರಬೇಕು. ಕಬಿನಿಯಲ್ಲಾಗಲಿ ಕಾರವಾರದಲ್ಲಾಗಲಿ ನೀರು ಅಷ್ಟು ತಣ್ಣಗಿರುವುದಿಲ್ಲ, ದಡವೂ ದೂರವಿರುವುದಿಲ್ಲ. ಹಾಗಾಗಿ ಇಲ್ಲಿ ಜಾಕೆಟ್ ತೊಟ್ಟವರು ಬದುಕುವ ಸಾಧ್ಯತೆ ಬಹಳ ಹೆಚ್ಚು.

ಕೊನೆಯದಾಗಿ ವಿಜ್ಞಾನ ವಿಭಾಗದವರಿಗೆ ಒಂದು ಮಾತು. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿದವರು ಭಾರತೀಯ ಕಡಲ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆ ಬರೆದು ವ್ಯಾಪಾರಿ ಹಡಗುಗಳ ವೃತ್ತಿಗೆ ಹೋಗಬಹುದು. ಒಳನಾಡಿನವರು ಎಂಬ ಅಡ್ಡಿ ಅಲ್ಲಿಲ್ಲ. ಹಡಗಿಗೆ ಕಾಲಿಡುವ ಮೊದಲು ಪ್ರತಿಯೊಬ್ಬರೂ ಜೀವರಕ್ಷಣೆಯ ತರಬೇತಿ ಪಡೆಯಬೇಕು. ಜಾಕೆಟ್ ತೊಟ್ಟು ಎತ್ತರದಿಂದ ನೀರಿಗೆ ಜಿಗಿಯುವುದು, ಮಗುಚಿದ ತೆಪ್ಪವನ್ನು ನೀರಿನಲ್ಲಿದ್ದುಕೊಂಡೇ ನೆಟ್ಟಗೆ ಮಾಡುವುದು ಅದರ ಭಾಗ. ಆ ದಾರಿಯ ಬಗ್ಗೆ ಆಸಕ್ತಿ ಇರುವವರು ದ್ವಿತೀಯ ಪಿಯುಸಿ ಮುಗಿಯುವ ಮೊದಲೇ ಅರ್ಹತೆಯ ಅಂಕಗಳು, ಕಣ್ಣಿನ ಪರೀಕ್ಷೆ ಮತ್ತು ಅರ್ಜಿಯ ದಿನಾಂಕಗಳನ್ನು ವಿಚಾರಿಸಿ ಇಟ್ಟುಕೊಳ್ಳಿ. ಉಳಿದವರು ಮುಂದಿನ ಪ್ರವಾಸದ ದಿನ ದೋಣಿಯ ಬಳಿ ನಿಂತಾಗ ಮೇಲಿನ ಆರು ಅಂಶಗಳನ್ನು ನೆನಪಿಟ್ಟುಕೊಂಡರೆ ಈ ಲೇಖನ ಬರೆದದ್ದು ಸಾರ್ಥಕ.